ಕರೀ ಚೀಲದ ಮರ್ಯಾದೆ

ಏಪ್ರಿಲ್ ತಿಂಗಳ ಹುಬ್ಬಳ್ಳಿ. ಮಧ್ಯಾಹ್ನ ಎರಡರ ಹೊತ್ತಿಗೆ ವಿದ್ಯಾನಗರದ ನಾಯಿಗಳು ಬೊಗಳುವ ಕೆಲಸವನ್ನೂ ಸಂಜೆಗೆ ಮುಂದೂಡಿರುತ್ತವೆ. ಅಂಥ ಹೊತ್ತಿನಲ್ಲಿ ಬೆಂಗಳೂರಿನಿಂದ ನಮ್ಮ ಅಕ್ಕನ ಮಗ ಬಂದಿಳಿದ. ಬ್ಯಾಗಿನಿಂದ ಮೊದಲು ತೆಗೆದದ್ದು ಅವರವ್ವ ಕೊಟ್ಟ ಶೇಂಗಾ ಚಟ್ನಿಯ ಡಬ್ಬಿ, ಆಮೇಲೆ ಲ್ಯಾಪ್‌ಟಾಪು, ಕೊನೆಗೆ ಎರಡು ಟವೆಲ್ಲಿನಲ್ಲಿ ಹಸುಗೂಸಿನ ಹಾಗೆ ಸುತ್ತಿದ್ದ ಒಂದು ಬಾಟ್ಲಿ.

ಬಿಚ್ಚಿದ. ಒಳಗೆ ಹಸಿರು. ಎಲೆಯ ಹಸಿರಲ್ಲ, ಗಿಳಿಯ ಹಸಿರೂ ಅಲ್ಲ. ನಾವು ಸಣ್ಣವರಿದ್ದಾಗ ಶಾಲೆಯ ಗೇಟಿನ ಹೊರಗೆ ನಾಲ್ಕಾಣೆಗೆ ಸಿಗುತ್ತಿದ್ದ ಐಸ್‌ಕ್ಯಾಂಡಿ ನಾಲಿಗೆಯ ಮೇಲೆ ಎರಡು ದಿನ ಬಿಟ್ಟುಹೋಗುತ್ತಿತ್ತಲ್ಲ, ಆ ಹಸಿರು.

"ಮಾಮಾ, ಇದು ಕರಬೂಜದ ಲಿಕ್ಯೂರ್. ಆಫೀಸಿನಿಂದ ಸಿಂಗಾಪುರಕ್ಕ ಕಳಿಸಿದ್ರಲ್ಲ, ಬರೂ ಮುಂದ ಏರ್‌ಪೋರ್ಟಿನ್ಯಾಗ ತಗೊಂಡೆ. ಎರಡು ಲೀಟರ್ ತನಕಾ ತರಬಹುದು, ತೆರಿಗಿ ಇಲ್ಲ. ಇವತ್ತ ಸಂಜಿಕ ಕಾಕ್‌ಟೇಲ್ ಮಾಡೂಣು."

ಮಿಡೋರಿ ಅಂತ ಅದರ ಹೆಸರು. ಜಪಾನಿ ಭಾಷೆಯಲ್ಲಿ ಹಸಿರು ಅಂತಲೇ ಅರ್ಥ. ಸನ್‌ಟೋರಿ ಕಂಪನಿಯವರು 1978ರಲ್ಲಿ ನ್ಯೂಯಾರ್ಕಿನ ಸ್ಟುಡಿಯೋ 54 ಎಂಬ ಕುಣಿತದ ಕ್ಲಬ್ಬಿನಲ್ಲಿ, ಝಗಮಗ ದೀಪದ ಕೆಳಗೆ, ಸಿನಿಮಾದವರ ನಡುವೆ ಅದನ್ನು ಲೋಕಕ್ಕೆ ಪರಿಚಯಿಸಿದರು. ಅದೇ ಬಾಟ್ಲಿ ವಿದ್ಯಾನಗರದ ನಮ್ಮ ಮನೆಯ ಟೀಪಾಯಿಯ ಮೇಲೆ ಪಾದಾರ್ಪಣೆ ಮಾಡಿದಾಗ ನಮ್ಮಾಕಿ ಆಡಿದ ಮೊದಲ ಮಾತು: "ಮೊದಲ ಕಿಡಕಿ ಹಾಕ್ರಿ!"

ಕಾಕ್‌ಟೇಲಿಗೆ ವೋಡ್ಕಾ ಬೇಕು ಅಂದ ಅಳಿಯ. ನಾನು ಹೊರಟೆ. ಹೊರಡುವಾಗ ಒಬ್ಬ ಜವಾಬ್ದಾರಿಯುತ ನಾಗರಿಕನಾಗಿ ಗೂಟಕ್ಕೆ ತೂಗುಹಾಕಿದ್ದ ಖಾದಿ ಚೀಲ ತಗೊಂಡೆ. ಬೆಂಗೇರಿಯ ಖಾದಿ ಕೇಂದ್ರದ್ದು. ದೇಶಕ್ಕೆಲ್ಲ ತ್ರಿವರ್ಣ ಧ್ವಜ ಹೊಲಿದು ಕೊಡುವ ಜಾಗದಿಂದ ತಂದ ಚೀಲ ಅಂತ ಅದರ ಬಗ್ಗೆ ನನಗೆ ತುಸು ಹಮ್ಮೂ ಇದೆ. ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾದದ್ದು 2016ರ ಮಾರ್ಚಿನಲ್ಲಿ. ಸಾಲದ್ದಕ್ಕೆ 2022ರಲ್ಲಿ ದೇಶಕ್ಕೇ ಇನ್ನೊಂದು ನಿಷೇಧ ಬಂತು. ಕಾಯಿಪಲ್ಲೆಯವಳು ಈಗ ಎರಡು ಕಟ್ಟು ಮೆಂತ್ಯೆ ಪಲ್ಲೆಯನ್ನೂ ಸೆರಗಿನಲ್ಲಿ ಹಿಡೀರಿ ಅನ್ನುತ್ತಾಳೆ. ಹಾಲಿನ ಅಂಗಡಿಯವನು ಚೀಲ ಇಲ್ಲದೆ ಹೋದರೆ ಮುಖ ನೋಡುತ್ತಾನೆ.

ವೈನ್‌ಶಾಪಿನ ಕಬ್ಬಿಣದ ಜಾಳಿಗೆಯ ಮುಂದೆ ಎಂಟು ಜನ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ರೇಶನ್ ಅಂಗಡಿಯ ಸಾಲಿನಲ್ಲಿ ನಿಂತವರು ಮಕ್ಕಳ ಮದುವೆಯ ಮಾತು ಮುಗಿಸಿಕೊಂಡು ಬರುತ್ತಾರೆ, ಇಲ್ಲಿ ಪಕ್ಕದವನ ಮೊಣಕೈ ತಾಗಿದರೂ ಅಪರಿಚಿತರೇ. ನನ್ನ ಮುಂದೆ ನಿಂತಿದ್ದವರು ನನ್ನ ಸಾಲದ ಅರ್ಜಿಗೆ ಸಹಿ ಹಾಕಿದ ಬ್ಯಾಂಕಿನ ಸಾಹೇಬರು. ಅವರು ಆಕಾಶ ನೋಡಿದರು. ನಾನು ಗಟಾರ ನೋಡಿದೆ.

"ಒಂದು ಹಾಫ್ ವೋಡ್ಕಾ ಕೊಡ್ರಿ" ಅಂತ ಹೇಳಿ ಖಾದಿ ಚೀಲದ ಬಾಯಿ ಅಗಲಿಸಿ ಜಾಳಿಗೆಗೆ ಹಿಡಿದೆ. ಅಂಗಡಿಯ ಹುಡುಗ ಬಾಟ್ಲಿ ಹಿಡಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

"ಸರ, ಖಾದಿ ಚೀಲದಾಗ ಬ್ಯಾಡ್ರಿ. ಛಲೋ ಕಾಣೂದಿಲ್ಲ."

"ಯಾಕೋ ತಮ್ಮಾ? ಪ್ಲಾಸ್ಟಿಕ್ ಬಂದ್ ಐತಲ್ಲ?"

"ಬಂದ್ ಐತ್ರಿ, ಖರೇ. ಆದ್ರ ಇದಕ್ಕ ನಡೀತೈತ್ರಿ." ಬಾಟ್ಲಿಗೆ ಪೇಪರ್ ಸುತ್ತಿ, ಗಲ್ಲಾದ ಕೆಳಗಿನಿಂದ ಒಂದು ಕರೀ ಚೀಲ ಎಳೆದು, ಒಳಗೆ ಇಳಿಸಿ, ಕಿವಿ ಗಂಟು ಹಾಕಿ ಕೊಟ್ಟ. ಹಿಂದೆ ನಿಂತವರೊಬ್ಬರು ನನ್ನ ಖಾದಿಯ ಕಡೆ ನೋಡಿ, "ಅಲ್ರೀ ಸರ, ಮಹಾತ್ಮರಿಗರೆ ಅಂಜಬೇಕ್ರಿ" ಅಂದರು. ತಾವು ಯಾಕೆ ಸಾಲಿನಲ್ಲಿ ನಿಂತಿದ್ದರೋ ಅದನ್ನು ಮಾತ್ರ ಹೇಳಲಿಲ್ಲ.

ಹೀಗಾಗಿ, ಕಾಯ್ದೆಯ ಪ್ರಕಾರ ಕೊಳ್ಳಲು ಪೂರ್ತಿ ಅಡ್ಡಿಯಿಲ್ಲದ ಒಂದು ವಸ್ತುವನ್ನು ಕಾಯ್ದೆಯ ಪ್ರಕಾರ ಇರಲೇಬಾರದ ಒಂದು ಚೀಲದಲ್ಲಿ ಬಚ್ಚಿಟ್ಟುಕೊಂಡು ನಾನು ಮನೆಗೆ ನಡೆದೆ. ಇಪ್ಪತ್ತೊಂದು ತುಂಬಿ ಮೂರು ದಶಕ ಕಳೆದ ಮನುಷ್ಯ ನಾನು, ತೆರಿಗೆ ಕಟ್ಟಿದ್ದೇನೆ, ಬಿಲ್ಲು ಕೇಳುವ ಧೈರ್ಯ ಒಂದು ಮಾಡಲಿಲ್ಲ ಅಷ್ಟೆ. ಆದರೂ ಹಾಲು ಕದ್ದ ಬೆಕ್ಕಿನ ಹಾಗೆ ಗೋಡೆಯ ಬದಿಯಿಂದ ಹೆಜ್ಜೆ. ಮರೆಮಾಚಿದರೂ ಏನು ಉಪಯೋಗ ಹೇಳಿ. ಗಂಟು ಹಾಕಿದ ಕರೀ ಚೀಲ ಕಂಡರೆ ಒಳಗೇನಿದೆ ಎಂದು ಹುಬ್ಬಳ್ಳಿಯ ಐದು ವರ್ಷದ ಹುಡುಗನೂ ಹೇಳುತ್ತಾನೆ. ಖಾದಿ ಚೀಲದಲ್ಲಿ ತಂದಿದ್ದರೆ ಬದನೆಕಾಯಿ ಅಂದುಕೊಳ್ಳುತ್ತಿದ್ದರು.

ಅಂಗಡಿಯ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಈ ವಿದ್ಯೆಯನ್ನು ಅವನು ದೊಡ್ಡವರನ್ನು ನೋಡಿ ಕಲಿತಿದ್ದಾನೆ. ರಾಜ್ಯದ ಅಂಗಡಿಗಳಿಗೆಲ್ಲ ಮದ್ಯವನ್ನು ಸಗಟಾಗಿ ಪೂರೈಸುವ ಸರ್ಕಾರಿ ಸಂಸ್ಥೆ ಹುಟ್ಟಿದ್ದು 2003ರಲ್ಲಿ. ಅದರ ಹೆಸರು ಕರ್ನಾಟಕ ರಾಜ್ಯ ಪಾನೀಯ ನಿಗಮ. ಪಾನೀಯ! ಕೇಳಿದವರು ರಾಮನವಮಿಯ ಪಾನಕ, ಕೋಸಂಬರಿ ಹಂಚುವ ಮಂದಿ ಅಂದುಕೊಳ್ಳಬೇಕು. ಅದೂ ಕರೀ ಚೀಲವೇ, ಅಕ್ಷರದಲ್ಲಿ ಹೊಲಿದದ್ದು. ಟೀವಿಯಲ್ಲಿ ಮದ್ಯದ ಜಾಹೀರಾತು ಕೂಡದು ಅಂದಾಗ ಕಂಪನಿಗಳು ಅದೇ ಹೆಸರು, ಅದೇ ಅಕ್ಷರ, ಅದೇ ಬಣ್ಣ ಇಟ್ಟುಕೊಂಡು ಸೋಡಾ, ಕುಡಿಯುವ ನೀರು, ಸಂಗೀತದ ಸೀಡಿ ಮಾರಲು ಶುರುಮಾಡಿದವಲ್ಲ, ಅದು ಇನ್ನೊಂದು ಚೀಲ. ಆ ಸೀಡಿ ಕೊಂಡವರನ್ನು ನಾನಂತೂ ಈವರೆಗೆ ಕಂಡಿಲ್ಲ.

ಲೆಕ್ಕದ ಪುಸ್ತಕದಲ್ಲಿ ಮಾತ್ರ ನಾಚಿಕೆ ಇಲ್ಲ. ಅಬಕಾರಿಯಿಂದ ಬರಬೇಕಾದ ಹಣಕ್ಕೆ ಬಜೆಟ್ಟಿನಲ್ಲಿ ಗುರಿ ಇಡುತ್ತಾರೆ. 2023–24ಕ್ಕೆ 36,000 ಕೋಟಿ, ಮರುವರ್ಷ 38,525 ಕೋಟಿ, 2025–26ಕ್ಕೆ 40,000 ಕೋಟಿ. ಎಸ್ಸೆಸ್ಸೆಲ್ಸಿ ಹುಡುಗರ ಫಲಿತಾಂಶಕ್ಕೂ ಇಷ್ಟು ಖಚಿತವಾದ ಗುರಿಯನ್ನು ಯಾರೂ ಇಟ್ಟಂತಿಲ್ಲ. ಗುರಿ ಮುಟ್ಟಿಸಬೇಕಾದವರು ನಾವೇ, ಅಂದರೆ ಜಾಳಿಗೆಯ ಮುಂದೆ ಆಕಾಶ ನೋಡುತ್ತ ನಿಂತವರು. ಇದೇ ಸರ್ಕಾರದ ಇನ್ನೊಂದು ಕೋಣೆಯಲ್ಲಿ ಮದ್ಯಪಾನ ಸಂಯಮ ಮಂಡಳಿ ಅಂತ ಒಂದಿದೆ. ಕುಡಿಯಬ್ಯಾಡ್ರಿ ಅಂತ ಊರೂರಿಗೆ ತಿಳಿಹೇಳುವುದು ಅದರ ಕೆಲಸ. ಪಾಪ, ಅವರು ನಿಜವಾಗಿಯೂ ಗೆದ್ದುಬಿಟ್ಟರೆ ಅವರ ಸಂಬಳಕ್ಕೇ ತ್ರಾಸು. ಸಂವಿಧಾನದ 47ನೆಯ ವಿಧಿ ಪಾನನಿಷೇಧಕ್ಕೆ ಪ್ರಯತ್ನಿಸಿರಿ ಎಂದು ರಾಜ್ಯಗಳಿಗೆ ಹೇಳುತ್ತದೆ. ನಮ್ಮಲ್ಲಿ ಆ ಪ್ರಯತ್ನ 2007ರ ಜುಲೈ 1ರಂದು ನಡೆದದ್ದು ನೆನಪಿದೆ: ಸಾರಾಯಿ ಬಂದ್ ಆಯಿತು. ಪ್ಯಾಕೆಟ್ ಹಿಡಿಯುತ್ತಿದ್ದ ಕೈ ಕ್ವಾರ್ಟರ್ ಹಿಡಿಯಿತು. ಅಕ್ಟೋಬರ್ 2ಕ್ಕೆ ಅಂಗಡಿಗೆ ಬಾಗಿಲು, ಅದಕ್ಕೇ ಅಕ್ಟೋಬರ್ 1ರ ಸಂಜೆ ಜಾಳಿಗೆಯ ಮುಂದೆ ಜಾತ್ರೆ.

ಇರಲಿ, ಕರಬೂಜಕ್ಕೆ ಬರೋಣ.

ಅಳಿಯನ ಮೊಬೈಲಿನಲ್ಲಿದ್ದ ಲೆಕ್ಕ ಸರಳ. ಹಸಿರು 60 ಎಂಎಲ್, ವೋಡ್ಕಾ 30, ಅನಾನಸ್ ರಸ 120, ಮೇಲೆ ಬರ್ಫು. ಅಳತೆಗೆ ಪೆಗ್ ಪಾತ್ರೆ ಎಲ್ಲಿಂದ ತರುವುದು? ಕೆಮ್ಮಿನ ಔಷಧದ ಮುಚ್ಚಳದಲ್ಲಿ 10 ಎಂಎಲ್ ಗೆರೆ ಇರುತ್ತದೆ, ಅದರಲ್ಲಿ ಆರು ಸಲ, ಮೂರು ಸಲ ಹೀಗೆ ಹಾಕಿದೆವು. ಅಲುಗಾಡಿಸಲು ಶೇಕರ್ ಬೇಕಂತೆ. ದವಾಖಾನೆಯಲ್ಲಿ ಮಲಗಿದವರಿಗೆ ಚಹಾ ಒಯ್ಯುವ ಸ್ಟೀಲಿನ ಥರ್ಮಾಸ್ ಇತ್ತು. ಅದರ ಮುಚ್ಚಳ ಬಿಗಿ ಮಾಡಿ ಅಳಿಯ ಹೆಗಲ ಮೇಲೆ ಎತ್ತಿ ಕುಲುಕಿದಾಗ ದ್ಯಾಮವ್ವನ ಜಾತ್ರೆಯ ಹಲಗೆಯವರು ನೆನಪಾದರು.

ಮೊದಲ ಗುಟುಕು ಕುಡಿದೆ. ಕೆಮ್ಮಿನ ಮುಚ್ಚಳದಿಂದ ಅಳೆದದ್ದಕ್ಕೋ ಏನೋ, ರುಚಿಯೂ ಕೆಮ್ಮಿನ ಔಷಧದ್ದೇ. ಲಿಕ್ಯೂರ್ ಅಂದರೇನೇ ಸಕ್ಕರೆ ಸುರಿದ ಮದ್ಯ, ಅದರ ಮೇಲೆ ಡಬ್ಬಿಯ ಅನಾನಸ್ ರಸದ ಸಕ್ಕರೆ. ಧಾರವಾಡ ಪೇಡೆಯನ್ನು ಜೋನಿಬೆಲ್ಲದಲ್ಲಿ ಅದ್ದಿದ ಹಾಗೆ. ನಮ್ಮಾಕಿ ಅಡುಗೆಮನೆಯಿಂದಲೇ, "ಲಿಂಬಿಹಣ್ಣು ಹಿಂಡ್ರಿ, ಚೂರು ಉಪ್ಪು ಹಾಕ್ರಿ" ಅಂದಳು. ಹಿಂಡಿದೆವು. ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ತೆಳುಸಿಪ್ಪೆಯ ಲಿಂಬಿ, ಒಂದೊಂದು ಗ್ಲಾಸಿಗೆ ಅರ್ಧ ಹೋಳು. ಅನಾನಸ್ ಕಮ್ಮಿ ಮಾಡಿ ಸೋಡಾ ಬಿಟ್ಟೆವು. ಆವಾಗ ಅದು ಕುಡಿಯುವಂಥ ವಸ್ತುವಾಯಿತು. ಕುಡಿಯದವಳ ಕೈಗುಣ.

ನಾನು ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಖರೇ ಹಣ್ಣಿಲ್ಲದೆ ಕರಬೂಜದ ಮರ್ಯಾದೆ ಏನು ಉಳಿಯಿತು ಅನ್ನಿಸಿ, ಉಣಕಲ್ ಕ್ರಾಸಿನ ಗಾಡಿಯಿಂದ ತಂದಿಟ್ಟಿದ್ದ ಹಣ್ಣು ಕೊಯ್ದೆ. ತೊಟ್ಟಿನ ಕಡೆ ಮೂಗಿಟ್ಟರೆ ಕೋಣೆ ತುಂಬುವ ವಾಸನೆ. ಒಳಗೆ ಕೇಸರಿ ತಿರುಳು. ಹಿಚುಕಿ ಬಟ್ಟೆಯಲ್ಲಿ ಸೋಸಿ ಆ ಹಸಿರಿಗೆ ಕೂಡಿಸಿದೆ. ಕೇಸರಿಯೂ ಹಸಿರೂ ಕೂಡಿ ನಮ್ಮ ಕಣ್ಣೆದುರೇ ಗ್ಲಾಸಿನಲ್ಲಿ ಮಳೆಗಾಲದ ಉಣಕಲ್ ಕೆರೆ ನಿಂತಿತು. ಆಗ ತಿಳಿಯಿತು, ಬಾಟ್ಲಿಯ ಹಸಿರು ಹಣ್ಣಿನದಲ್ಲ. ಚೀಟಿಯಲ್ಲೇ ಸಣ್ಣಕ್ಷರದಲ್ಲಿತ್ತು: ಟಾರ್ಟ್ರಜೀನ್ ಎಂಬ ಹಳದಿ, ಬ್ರಿಲಿಯಂಟ್ ಬ್ಲೂ ಎಂಬ ನೀಲಿ, ಎರಡೂ ಸೇರಿ ಜಪಾನಿನ ಹಸಿರು. 2024ರ ಮಾರ್ಚಿನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದಾಗ ಪತ್ತೆಯಾದ ಬಣ್ಣಗಳಲ್ಲಿ ಈ ಟಾರ್ಟ್ರಜೀನೂ ಇತ್ತು. ಗಾಡಿಯ ಮೇಲೆ ಕಂಡರೆ ಅದು ವಿಷ. ವಿಮಾನದಲ್ಲಿ ಬಂದರೆ ಉಡುಗೊರೆ.

ಗ್ಲಾಸು ಅಂದೆನಲ್ಲ, ಅದು ಗಾಜಿನದಲ್ಲ. ಗಾಜಿನ ಗ್ಲಾಸು ಎದುರುಮನೆಗೆ ಕಾಣುತ್ತದೆ ಅಂತ ನಮ್ಮಾಕಿ ನೀರು ಕುಡಿಯುವ ಸ್ಟೀಲಿನ ಲೋಟ ತಂದಿಟ್ಟಿದ್ದಳು. ಕಿಡಕಿ ಹಾಕಿತ್ತು, ಪರದೆ ಎಳೆದಿತ್ತು, ಟ್ಯೂಬ್‌ಲೈಟು ಆರಿಸಿ ದೇವರ ಕೋಣೆಯ ಜೀರೋ ಬಲ್ಬು ಹಚ್ಚಿತ್ತು. ಜಗತ್ತಿನಲ್ಲಿ ಬಣ್ಣಕ್ಕೋಸ್ಕರವೇ ಹುಟ್ಟಿದ ಒಂದು ಪಾನೀಯವನ್ನು (ನೋಡಿ, ನನಗೂ ನಿಗಮದ ಭಾಷೆ ಬಂತು) ನಾವು ಮೂವರು ಗಂಡಸರು ಕತ್ತಲಲ್ಲಿ, ಒಳಗೇನಿದೆ ಎಂದು ನಮಗೇ ಕಾಣದ ಹಾಗೆ ಸ್ಟೀಲಿನಲ್ಲಿ ಕುಡಿದೆವು. ಅಳಿಯ ಫೋಟೋ ತೆಗೆಯಲು ಹೋದ. ಬಂದದ್ದು ಮೂರು ಸ್ಟೀಲ್ ಲೋಟ, ಒಂದು ಬಟ್ಟಲು ಚುರುಮುರಿ. ಸತ್ಯನಾರಾಯಣ ಪೂಜೆ ಮುಗಿಸಿ ಕೂತವರ ಹಾಗೆ ಇತ್ತು.

ಮೂರನೆಯ ಗಂಡಸು ಪಕ್ಕದ ಮನೆಯ ವಕೀಲ ಕಾಕಾ. ಧಾರವಾಡದ ಹೈಕೋರ್ಟ್ ಪೀಠಕ್ಕೆ ದಿನಾಲೂ ಚಿಗರಿ ಬಸ್ಸಿನಲ್ಲಿ ಹೋಗಿಬರುತ್ತಾರೆ. ಎರಡನೆಯ ಲೋಟಕ್ಕೆ ಅವರಿಗೆ ಕಾನೂನು ಹತ್ತಿತು. "ಅಲ್ಲೋ, 1965ರ ಅಬಕಾರಿ ಕಾಯ್ದೆ ಐತಲ್ಲ. ಲೈಸೆನ್ಸ್ ಇಲ್ಲದ ಮದ್ಯ ತಯಾರಿಸಂಗಿಲ್ಲ. ಈಗ ನೀ ವೋಡ್ಕಾಕ್ಕ ಹಸರ ಕೂಡಿಸಿದಿ, ಲಿಂಬಿ ಹಿಂಡಿದಿ. ಇದು ಕುಡಿಯೂದೋ, ತಯಾರಿಸೂದೋ?"

"ನೀವ ಹೇಳ್ರಿ ಕಾಕಾ."

"ನಾ ಹ್ಯಾಂಗ ಹೇಳಲಿ? ನಾ ಈಗ ಸಾಕ್ಷಿದಾರ." ಲೋಟ ಮುಂದೆ ಚಾಚಿದರು. "ಇನ್ನೊಂದು ಚೂರು ತಯಾರಿಸು."

ಅಳಿಯ ವಾರವಿದ್ದು ಹೋದ. ಬಾಟ್ಲಿ ಅವನಿಗಿಂತ ಎರಡು ದಿನ ಮೊದಲೇ ಮುಗಿದಿತ್ತು. ಹೋಗಿಲ್ಲದ್ದು ಬಾಟ್ಲಿಯ ದೇಹ. ತಳದಲ್ಲಿ ಎರಡು ಚಮಚೆಯಷ್ಟು ಹಸಿರು ಉಳಿದು ಬಿಸಿಲಿಗೆ ಹೊಳೆಯುತ್ತಿತ್ತು. ಮೂರು ಮುಂಜಾನೆ ಕಸದ ಗಾಡಿ ಬಂದಾಗಲೂ ಎದುರುಮನೆ ಕಾಕು ರಂಗೋಲಿ ಹಾಕುತ್ತ ಕೂತಿದ್ದರು, ನಾಲ್ಕನೆಯ ಮುಂಜಾನೆ ಬೇರೆ ದಾರಿ ಕಾಣದೆ, ಜೋಪಾನ ಮಾಡಿಟ್ಟಿದ್ದ ಅದೇ ಕರೀ ಚೀಲದಲ್ಲಿ ಬಾಟ್ಲಿ ಹಾಕಿ, ಗಂಟು ಬಿಗಿದು, ಕಸದವ್ವನ ಕೈಗೆ ಕೊಟ್ಟು ಬೆನ್ನು ತಿರುಗಿಸಿದೆ.

"ಸಾಹೇಬ್ರ! ಪ್ಲಾಸ್ಟಿಕ್ ಚೀಲದಾಗ ಹಾಕಿ ಕೊಡಬ್ಯಾಡ್ರಿ ಅಂತ ಎಷ್ಟ ಸಲ ಹೇಳಬೇಕ್ರಿ? ಒಣಾ ಕಸಾ ಬ್ಯಾರೆ, ಹಸೀ ಕಸಾ ಬ್ಯಾರೆ!"

ಇಡೀ ಊರಿನಲ್ಲಿ ನಿಷೇಧವನ್ನು ನಿಷೇಧವೆಂದು ನಂಬಿದ ಒಬ್ಬಳೇ ಹೆಣ್ಣುಮಗಳು ಅವಳು. ಗಂಟು ಹರಿದಳು, ಚೀಲವನ್ನು ನನ್ನ ಅಂಗಳಕ್ಕೆ ಒಗೆದಳು, ಬಾಟ್ಲಿಯನ್ನು ಮೇಲೆತ್ತಿ ಬಿಸಿಲಿಗೆ ಹಿಡಿದಳು. ಹಸಿರು ಝಗ್ಗನೆ ಹೊಳೆಯಿತು. ಸ್ಟುಡಿಯೋ 54ರಲ್ಲಿಯೂ ಇಷ್ಟು ಚೆಂದ ಹೊಳೆದಿರಲಿಕ್ಕಿಲ್ಲ.

ಎದುರುಮನೆ ಕಾಕು ರಂಗೋಲಿ ಬಟ್ಟಲು ಕೆಳಗಿಟ್ಟು ಎದ್ದು ಬಂದರು.

"ಅದೇನ್ರಿ ಅದು, ಫಿನಾಯಿಲ್ ಏನ್ರಿ?"

"ಹೌದ್ರಿ ಕಾಕು."

"ಬಣ್ಣ ಭಾಳ ಛಂದ ಐತಲ್ರಿ. ಎಲ್ಲಿ ಸಿಗತೈತ್ರಿ?"

"ಇಲ್ಲಿ ಸಿಗೂದಿಲ್ರಿ. ಅಳಿಯ ಸಿಂಗಾಪುರದಿಂದ ತಂದಾನ."

ಕಾಕು ಬಾಟ್ಲಿ ಇಸಕೊಂಡು ಮುಚ್ಚಳ ತೆಗೆದು ಮೂಸಿದರು. ಇನ್ನೊಮ್ಮೆ ಮೂಸಿದರು. "ಅಯ್ಯ, ಕರಬೂಜದ ವಾಸನಿ! ಮುಂದಿನ ಸಲ ಬರೂ ಮುಂದ ನಮಗೂ ಒಂದು ತರಾಕ ಹೇಳ್ರಿ. ನಮ್ಮ ಮನಿಯವ್ರು ಬಚ್ಚಲಾ ತೊಳಿಯೂದಂದ್ರ ಮೂಗು ಮುರೀತಾರ. ಇದಾದ್ರ ತಾವ ತೊಳದಾರು."