ಬಸ್ ತೊಳ್ದೇ ಇಲ್ವಲ್ಲೋ ಅಂದ್ರು ನಮ್ಮಪ್ಪ

ಹೋದ ವರ್ಷ ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಏಳು ತಿಂಗಳು ಕೂತು ಮಾಡಿದ್ದ ಕೆಂಪು ಬಸ್ಸಿನ ಮಾಡೆಲ್ಲನ್ನ ಮಗು ಥರ ಎತ್ಕೊಂಡು ಹೋಗಿದ್ದೆ, ವಿಮಾನದಲ್ಲಿ ಊಟ ಕೊಟ್ಟಾಗ್ಲೂ ಆ ಡಬ್ಬ ತೊಡೆ ಮೇಲಿಂದ ಇಳಿಸ್ಲಿಲ್ಲ. ಮಧುಗಿರಿ ಮನೇಲಿ ಡಬ್ಬ ಬಿಚ್ಚಿ ಟೀಪಾಯಿ ಮೇಲೆ ಇಟ್ಟೆ. ಅಪ್ಪ ಕನ್ನಡಕ ಹಾಕ್ಕೊಂಡ್ರು, ಸುತ್ತ ಒಂದ್ ರೌಂಡ್ ನೋಡಿದ್ರು, ಕೆಎ 06 ಎಫ್ ಅಂತ ನಂಬರ್ ಓದಿದ್ರು, ಬೋರ್ಡ್ ಮೇಲೆ ಪಾವಗಡ ಅಂತ ಓದಿದ್ರು. ನಾನು ಕಾಯ್ತಾ ಇದೀನಿ. ಆಮೇಲೆ ಅಂದ್ರು, "ಎಲ್ಲಾ ಸರಿ ಐತೆ ಕಣಪ್ಪ, ಬಸ್ ತೊಳ್ದೇ ಇಲ್ವಲ್ಲೋ."

ನಮ್ಮಪ್ಪ ಡ್ರೈವರ್ ಆಗಿದ್ದೋರು. ತುಮಕೂರು, ಕೊರಟಗೆರೆ, ಮಧುಗಿರಿ, ಪಾವಗಡ, ವಾಪಸ್ಸು. ಆ ರೂಟಲ್ಲಿ ಬೇಸಿಗೇಲಿ ಓಡಾಡಿದೋರಿಗೆ ಧೂಳು ಅಂದ್ರೇನು ಅಂತ ಬಿಡಿಸಿ ಹೇಳೋದು ಬೇಡ. ನಾನು ಈಗ ಇರೋದು ಜಪಾನಿನ ಹಮಾಮತ್ಸು, ಕೆಲ್ಸ ಇಂಜಿನ್ ಪಾರ್ಟ್ಸು, ಹುಚ್ಚು ಸ್ಕೇಲ್ ಮಾಡೆಲ್, ಅಂದ್ರೆ ನಿಜವಾದ ಗಾಡಿನ ಅಳತೆ ಪ್ರಕಾರ ಪುಟ್ಟದಾಗಿ ಮಾಡೋದು. ಪಕ್ಕದ ಶಿಜುವೊಕಾ ಊರು ಈ ಹುಚ್ಚಿನ ರಾಜಧಾನಿ ಅಂತ್ಲೇ ಇಟ್ಕೊಳ್ಳಿ, ಮಾಡೆಲ್ ಕಿಟ್ ಮಾಡೋ ತಮಿಯಾ ಕಂಪನಿ ಅಲ್ಲೇ 1946ರಲ್ಲಿ ಮರದ ವ್ಯಾಪಾರವಾಗಿ ಶುರುವಾಗಿ, ಮರದ ಮಾಡೆಲ್ ಮಾಡ್ತಾ ಇದ್ದು, 1960ರಲ್ಲಿ ಯಮಾಟೊ ಯುದ್ಧನೌಕೆಯಿಂದ ಪ್ಲಾಸ್ಟಿಕ್ಕಿಗೆ ಬಂದಿದ್ದು. ಆ ಊರಲ್ಲಿ ಪೋಸ್ಟ್ ಡಬ್ಬ ಕೂಡ ಕಿಟ್ಟಿನ ಬಿಡಿಭಾಗ ಚೌಕಟ್ಟಲ್ಲಿ ಅಂಟ್ಕೊಂಡಿರೋ ಥರ ಮಾಡಿ ನಿಲ್ಸಿದಾರೆ. ಯುದ್ಧದ ಟ್ಯಾಂಕ್ ಮಾಡೆಲ್ ಮಾಡೋರೆಲ್ಲ 1/35 ಸ್ಕೇಲ್, ಅಂದ್ರೆ ನಿಜದ್ದರ ಮೂವತ್ತೈದನೇ ಒಂದು ಭಾಗ, ಅಂತಾರಲ್ಲ, ಅದೇನೋ ದೊಡ್ಡ ಲೆಕ್ಕಾಚಾರ ಅಂದ್ಕೊಂಡಿದ್ದೆ, ಕೊನೆಗೆ ನೋಡಿದ್ರೆ ಅವ್ರ ಮೊದಲ ಪ್ಯಾಂಥರ್ ಟ್ಯಾಂಕಿನ ಹೊಟ್ಟೇಲಿ ಮೋಟರ್ರು, ಎರಡು ಬ್ಯಾಟರಿ ಹಿಡೀಬೇಕಿತ್ತಂತೆ, ಹಿಡಿಸೋ ಹೊತ್ತಿಗೆ ಆ ಸೈಜ್ ಬಂತು, ಅಷ್ಟೇ. ನಮ್ ಕಡೆ ಬಾಗ್ಲು ಮಾಡೋ ಆಚಾರಿ ಕೆಲಸದ ಹಾಗೇ.

ನಮ್ಮ ಕೆಂಪು ಬಸ್ಸಿಗೆ ಕಿಟ್ ಎಲ್ಲಿ ಸಿಗುತ್ತೆ ಹೇಳಿ. ಆವೋಶಿಮಾ ಅನ್ನೋ ಇನ್ನೊಂದು ಕಂಪನಿಯೋರ 1/32 ಬಸ್ ಕಿಟ್ ತಗೊಂಡು ಚಾಸಿ, ಚಕ್ರ ಮಾತ್ರ ಇಟ್ಕೊಂಡು ಬಾಡಿ ಪೂರ್ತಿ ಪ್ಲಾಸ್ಟಿಕ್ ಶೀಟ್ ಕತ್ತರಿಸಿ ಕಟ್ಟಿದ್ದು, ಒಂದಡಿಗಿಂತ ಸ್ವಲ್ಪ ಉದ್ದ ಬಂತು. ಕಟ್ಟೋದಕ್ಕೆ ನಾಲ್ಕು ತಿಂಗಳು, ಗಲೀಜು ಮಾಡೋದಕ್ಕೆ ಮೂರು. ಹೌದು, ಗಲೀಜು ಮಾಡೋದೇ ಇದ್ರಲ್ಲಿ ಕಷ್ಟದ ಕೆಲಸ. ಮೊದ್ಲು ತುಕ್ಕಿನ ಬಣ್ಣ, ಅದ್ರ ಮೇಲೆ ಹೇರ್ ಸ್ಪ್ರೇ, ಅದ್ರ ಮೇಲೆ ಕೆಂಪು, ಒಣಗಿದ ಮೇಲೆ ಒದ್ದೆ ಬ್ರಶ್ಶಲ್ಲಿ ಉಜ್ಜಿದ್ರೆ ಹೇರ್ ಸ್ಪ್ರೇ ಕರಗಿ ಕೆಂಪು ಅಲ್ಲಲ್ಲಿ ಎದ್ದು ಒಳಗಿನ ತುಕ್ಕು ಕಾಣುತ್ತೆ, ಫುಟ್‌ಬೋರ್ಡಲ್ಲಿ, ಬಾಗ್ಲ ಕಂಬಿ ಹತ್ರ, ಜನ ಹಿಡ್ಕೊಂಡು ಹಿಡ್ಕೊಂಡು ಸವೆದಿರೋ ಜಾಗದಲ್ಲೆಲ್ಲ. ಹೊಳಪಂತೂ ಇರ್ಲೇಬಾರ್ದು, ನಿಜವಾದ ಬಸ್ಸು ಎಷ್ಟು ಹೊಳೆಯುತ್ತೋ ಅಷ್ಟೇ ಹೊಳಪು ಒಂದಡಿ ಬಸ್ಸಿಗೆ ಕೊಟ್ರೆ ಜಾತ್ರೆ ಆಟದ ಸಾಮಾನಿನ ಥರ ಕಾಣುತ್ತೆ. ಅದಾದ ಮೇಲೆ ಧೂಳು. ಊರಿಂದ್ಲೇ ಕೆಮ್ಮಣ್ಣು ತಂದು ಸೋಸಿ ಬಳಿಯೋಣ ಅಂತ ಆಸೆ ಇತ್ತು, ಜಪಾನಿಗೆ ಮಣ್ಣು ತರೋ ಹಾಗಿಲ್ಲ, ಗಿಡದ ರೋಗ ಬರುತ್ತೆ ಅಂತ ಏರ್‌ಪೋರ್ಟಲ್ಲೇ ಕಿತ್ಕೊಳ್ತಾರೆ. ಹಂಗಾಗಿ ತಮಿಯಾ ವೆದರಿಂಗ್ ಮಾಸ್ಟರ್ ಅಂತ ಬರುತ್ತೆ, ಹೆಂಗಸರ ಮೇಕಪ್ ಡಬ್ಬಿ ಥರಾನೇ ಇರುತ್ತೆ, ಒಳಗೆ ಮೂರು ಬಿಲ್ಲೆ, ಕೆಸರು, ಮರಳು, ತೆಳು ಮರಳು. ದುಡ್ಡು ಕೊಟ್ಟು ಕೆಸರು ತಂದೆ. ಕೆಸರಿನ ಬಣ್ಣ ನಮ್ ಕಡೇದಲ್ಲ, ಇಟ್ಟಿಗೆ ಬಣ್ಣದ ಪುಡಿ ಬೆರೆಸಿ ಬೆರೆಸಿ ಹದಕ್ಕೆ ತಂದೆ. ಮುಂದುಗಡೆಗಿಂತ ಹಿಂದುಗಡೆ ಜಾಸ್ತಿ ಬಳಿದೆ, ಯಾಕಂದ್ರೆ ಓಡೋ ಬಸ್ಸಿನ ಹಿಂದೆ ಗಾಳಿ ಖಾಲಿಯಾಗಿ ಧೂಳನ್ನ ತನ್ನ ಮೇಲೇ ಎಳ್ಕೊಳುತ್ತೆ, ಹಿಂದಿನ ಗ್ಲಾಸಲ್ಲಿ ಬೆರಳಲ್ಲಿ ಹುಡುಗೀರ ಹೆಸ್ರು ಬರೆಯೋಷ್ಟು. ಮುಂದಿನ ಗ್ಲಾಸಲ್ಲಿ ವೈಪರ್ ಓಡಿದ ಎರಡು ಅರ್ಧಚಂದ್ರ ಮಾತ್ರ ಕ್ಲೀನು. ಕಿಟಕಿ ಕೆಳಗೆ ಎಲೆಅಡಿಕೆ ಗೆರೆಗಳು.

ಮೇ ತಿಂಗಳ ಶಿಜುವೊಕಾ ಹಾಬಿ ಶೋದಲ್ಲಿ ನಮ್ಮ ಮಾಡೆಲ್ ಕ್ಲಬ್ಬಿನ ಟೇಬಲ್ ಮೇಲೆ ಇಟ್ಟಿದ್ದೆ. ಅರವತ್ತು ಎಪ್ಪತ್ತರ ಮುದುಕರು ಟಾರ್ಚ್ ಹಿಡ್ಕೊಂಡು ಬಗ್ಗಿ ನೋಡ್ತಾರೆ ಮಾರ್ರೆ, ಚಕ್ರದ ಹಿಂದೆ ಧೂಳು ದಪ್ಪ ಇದೆ ಅಂತ ತಲೆ ಆಡಿಸ್ತಾರೆ. ಒಬ್ರು ಕಿಟಕಿ ಕೆಳಗಿನ ಕೆಂಪು ಗೆರೆ ತೋರಿಸಿ ಇದೇನು ಅಂದ್ರು. ತುಕ್ಕು ಅಂದ್ಬಿಟ್ಟೆ. ಮರ್ಯಾದೆ ಪ್ರಶ್ನೆ.

ಅಂಥಾ ಬಸ್ಸನ್ನ ತೊಳ್ದಿಲ್ಲ ಅಂದ್ರೆ ಹೆಂಗಾಗ್ಬೇಕು. "ಅಪ್ಪಾ, ಬೇಕು ಅಂತ್ಲೇ ಹಂಗೆ ಮಾಡಿರೋದು" ಅಂದೆ. ಅಮ್ಮ ಅಡುಗೆಮನೆಯಿಂದ ಬಂದು ನೋಡಿ "ದಿನಾ ಎರಡು ಸಲ ಗುಡಿಸಿ ಆಚೆ ಹಾಕ್ತೀನಿ, ನೀನು ದುಡ್ಡು ಕೊಟ್ಟು ಬಳ್ಕೊಂಡು ವಿಮಾನದಲ್ಲಿ ಒಳಗೆ ತಂದಿದೀಯ" ಅಂದ್ರು. ಬಸ್ಸು ಅಲ್ಲೇ ಬಿಟ್ಟು ವಾಪಸ್ ಬಂದೆ.

ಆಯುಧ ಪೂಜೆ ದಿನ ಫ್ಯಾಮಿಲಿ ಗ್ರೂಪಲ್ಲಿ ಫೋಟೋ. ಬಸ್ಸು ಪಳಪಳ ಅಂತಾ ಇದೆ. ಗೇಟಿಗೆ ಪೇಂಟ್ ಹೊಡೆಯೋ ಹುಡುಗನ್ನ ಕರೆಸಿ ಎನಾಮೆಲ್ ಹೊಡೆಸಿದ್ದಾರೆ, ಗ್ಲಾಸು ಒರೆಸಿದ್ದಾರೆ, ಬಂಪರಿಗೆ ಸೇವಂತಿಗೆ, ನೆತ್ತಿ ಮೇಲೆ ಅರಿಶಿನ ಕುಂಕುಮ, ಚಕ್ರದ ಮುಂದೆ ಬಸ್ಸಿನ ಅರ್ಧ ಎತ್ತರದ ನಿಂಬೆಹಣ್ಣು. ಕೆಳಗೆ ಚಿಕ್ಕಪ್ಪ, ಅತ್ತೆ, ಎಲ್ಲರ ಕೈ ಮುಗಿಯೋ ಗುರುತು. ನಂಗೆ ಮೊದ್ಲು ಬಂದ ಯೋಚನೆ, ಆ ಹುಡ್ಗ ಟರ್ಪೆಂಟೈನ್ ಬದ್ಲು ಎನ್‌ಸಿ ಥಿನ್ನರ್ ಹಾಕಿದ್ದಿದ್ರೆ ಬಾಡಿನೇ ಕರಗಿ ಹೋಗ್ತಿತ್ತು ಅಂತ. ಎರಡನೇದು ಬರೆಯೋಕಾಗಲ್ಲ.

ನಮ್ಮೋರ ಈ ಬುದ್ಧೀನೇ ನಂಗೆ ಹಿಡಿಸಲ್ಲ. ಹಳೇದು ಕಂಡ್ರೆ ಕೈ ತುರಿಸುತ್ತೆ. ನಮ್ಮಜ್ಜಿ ಕಾಲದ ಪಟ್ಟದ ಗೊಂಬೆಗೆ ಒಂದ್ಸಲ ದಸರಾಕ್ಕೆ ತುಟಿ ಮಾಸಿದೆ ಅಂತ ನಮ್ಮಕ್ಕ ನೇಲ್ ಪಾಲಿಶ್ ಹಚ್ಚಿದ್ಲು, ರಾಣಿ ಈಗ್ಲೂ ಎಲೆ ಹಾಕ್ಕೊಂಡೋಳ ಥರ ಕೂತಿದಾಳೆ. ಕಲ್ಲಿನ ದ್ವಾರಪಾಲಕರಿಗೆ ಎನಾಮೆಲ್ಲು, ಮರದ ತೇರಿಗೆ ಎನಾಮೆಲ್ಲು, ಜೀರ್ಣೋದ್ಧಾರ ಅಂದ್ರೆ ಒಂದು ಕೋಟ್ ಪೇಂಟು. ಇಲ್ಲಿ ನಮ್ಮ ಕ್ಲಬ್ಬಲ್ಲಿ ಒಬ್ರು ತಾವು ಹುಡುಗರಾಗಿದ್ದಾಗ ಮಾಡಿದ ಹಳೇ ಟ್ಯಾಂಕ್ ರಿಪೇರಿ ಮಾಡ್ತಾ ಇದ್ರು, ಹಳದಿ ತಿರುಗಿದ ಅಂಟನ್ನ ಬ್ಲೇಡಲ್ಲಿ ಕೂದಲೆಳೆ ಥರ ಕೆರೆದು ತೆಗೆದ್ರು, ಮುರಿದ ಕೊಳವೆಗೆ ಹಿತ್ತಾಳೆ ತಂತಿ ಸೇರಿಸಿದ್ರು, ಆದ್ರೆ ಒಂದ್ಕಡೆ ಪೇಂಟ್ ಹಸಿ ಇದ್ದಾಗ ಒತ್ತಿದ ಚಿಕ್ಕ ಹೆಬ್ಬೆಟ್ಟಿನ ಗುರುತಿತ್ತು ನೋಡಿ, ಅದನ್ನ ಮುಟ್ಲಿಲ್ಲ. ಎರಡು ತಿಂಗಳು ಆಯ್ತು ಅವ್ರಿಗೆ. ನಮ್ ಹುಡ್ಗ ಅರ್ಧ ಗಂಟೇಲಿ ಮುಗಿಸಿದ್ದ.

ರಾತ್ರಿ ಫೋನ್ ಮಾಡಿ ಜಗಳ ಆಡಿದೆ. ಅಪ್ಪ ಎಲ್ಲಾ ಕೇಳಿಸ್ಕೊಂಡು ಹೇಳಿದ್ದು ಇಷ್ಟೇ, "ನನ್ ಗಾಡಿ ಒಂದಿನಾನೂ ಹಂಗೆ ಡಿಪೋ ಬಿಟ್ಟಿದ್ದಿಲ್ಲ ಕಣಪ್ಪ. ನೀನು ನೋಡಿದ್ದು ಸಾಯಂಕಾಲದ ಬಸ್ಸು."

ಇದಕ್ಕೆ ಏನ್ ಹೇಳೋದು. ಸ್ಕೂಲ್ ಬಿಟ್ಟು ಬರುವಾಗ ಸ್ಟ್ಯಾಂಡಲ್ಲಿ ನಿಂತು ನೋಡ್ತಾ ಇದ್ದದ್ದು ನಿಜವಾಗ್ಲೂ ಸಾಯಂಕಾಲದ ಬಸ್ಸೇ. ಬೆಳಿಗ್ಗೆ ನಾಲ್ಕೂವರೆಗೆ ಬಕೆಟ್ ಹಿಡ್ಕೊಂಡು ಬಸ್ಸಿನ ಮೂತಿ ತೊಳೆಯೋದನ್ನ ನಾನು ಯಾವತ್ತು ಎದ್ದು ನೋಡಿದ್ದೆ. ಇಷ್ಟವಿಲ್ಲದೇ ಇನ್ನೊಂದು ಮಾತೂ ಒಪ್ಕೋಬೇಕು, ಹಮಾಮತ್ಸು ಸಿಟಿ ಬಸ್ಸಿಗೆ ಧೂಳು ಅಂದ್ರೆ ಗೊತ್ತಿಲ್ಲ, ಚಕ್ರದ ನಟ್ಟು ಕೂಡ ಹೊಳೀತಾ ಇರುತ್ತೆ, ಡ್ರೈವರ್ ಕೈಗೆ ಬಿಳೀ ಗ್ಲೌಸು. ಅಂಥಾ ಊರಲ್ಲಿ ಕೂತು ಧೂಳು ಬಳಿಯೋದು ಶೋಕಿ. ಧೂಳಲ್ಲೇ ಇರೋರಿಗೆ ಹೊಳಪೇ ಶೋಕಿ ಇರಬಹುದು. ದ್ವಾರಪಾಲಕರ ವಿಷ್ಯದಲ್ಲಿ ಮಾತ್ರ ನಾನು ಸೋಲಲ್ಲ.

ಮುಂದಿನ ಕ್ಲಬ್ ಮೀಟಿಂಗಲ್ಲಿ ನಗಿಸೋಣ ಅಂತ ಆ ಫೋಟೋ ತೋರಿಸಿದೆ. ಯಾರೂ ನಗ್ಲಿಲ್ಲ. ಹೆಬ್ಬೆಟ್ಟಿನ ಟ್ಯಾಂಕಿನ ಯಜಮಾನ್ರು ಫೋನ್ ಇಸ್ಕೊಂಡು ದೊಡ್ಡದು ಮಾಡಿ ನೋಡಿ, ಬಂಪರ್ ಮೇಲೆ ಕೆಂಪು ಪುಡಿ ಇಷ್ಟು ನ್ಯಾಚುರಲ್ ಆಗಿ ಉದುರಿಸಿದೀಯಲ್ಲ, ಯಾವ ಕಂಪನಿ ಪಿಗ್ಮೆಂಟು ಅಂತ ಕೇಳಿದ್ರು. ನಮ್ಮಮ್ಮ ಅಂದೆ.

ಈಗ ಬ್ರೇಕ್ ಆಯಿಲಲ್ಲಿ ಮುಳುಗಿಸಿ ಆ ಎನಾಮೆಲ್ ಎಬ್ಬಿಸೋದು ಹೆಂಗೆ ಅಂತ ನಂಗೆ ಗೊತ್ತು, ಬರೋ ವರ್ಷ ಊರಿಗೆ ಹೋದಾಗ ಮಾಡೋಣ ಅಂತ ಲೆಕ್ಕ ಹಾಕ್ಕೊಂಡಿದ್ದೆ. ಮೊನ್ನೆ ಅಪ್ಪಂದೇ ಫೋನು. ದಿನಾ ಬೆಳಿಗ್ಗೆ ಒರೆಸ್ತಾರಂತೆ ಬಸ್ಸನ್ನ, ಒರೆಸುವಾಗ ವೈಪರ್ ಮುರೀತಂತೆ, ಬರುವಾಗ ಒಂದು ಮಾಡ್ಕೊಂಡು ಬಾ ಅಂದ್ರು.

ಎಡಗಡೇದಾ ಬಲಗಡೇದಾ ಅಂತ ಕೇಳಿ ಬರ್ಕೊಂಡೆ.