ಕಸದ ಗಾಡಿಗೆ ಯಜಮಾನ ಯಾರು? ತುಮಕೂರಿನಿಂದ ಒಂದು ಪರ-ವಿರೋಧ

ಬೀದಿ ಗುಡಿಸುವವರ ವಿಷಯ ಒಂದು ಮಟ್ಟಕ್ಕೆ ದಡ ಸೇರಿದೆ. ಪೌರಕಾರ್ಮಿಕರನ್ನು ಗುತ್ತಿಗೆಯಿಂದ ಬಿಡಿಸಿ, ಸ್ಥಳೀಯ ಸಂಸ್ಥೆಯೇ ಸಂಬಳ ಕೊಡುವ ನೇರ ವೇತನಕ್ಕೆ ತರುವ ತೀರ್ಮಾನ ಮೊದಲೇ ಆಗಿತ್ತು. 2022ರ ಜುಲೈ ಮುಷ್ಕರದ ನಂತರ ರಾಜ್ಯ ಸರ್ಕಾರ ಮೊದಲ ಹಂತದಲ್ಲಿ 11,133 ಮಂದಿಯನ್ನು ಕಾಯಂ ಮಾಡಲು ಒಪ್ಪಿತು. ಆದರೆ ಕಸದ ಗಾಡಿ ಓಡಿಸುವ ಚಾಲಕ, ಹಿಂದೆ ನಿಂತು ಬಕೆಟ್ ಸುರಿದುಕೊಳ್ಳುವ ಲೋಡರ್ ಆ ಲೆಕ್ಕದಲ್ಲಿ ಇರಲಿಲ್ಲ. ಪ್ರಶ್ನೆ ಇಷ್ಟೇ: 35 ವಾರ್ಡ್‌ಗಳ ನಮ್ಮ ಊರಿನಲ್ಲಿ ಮನೆಮನೆಯ ಕಸ ಎತ್ತುವ ಕೆಲಸ ಗುತ್ತಿಗೆದಾರರ ಕೈಯಲ್ಲಿರಬೇಕೇ, ಪಾಲಿಕೆಯ ಕೈಯಲ್ಲೇ?

ಪರ: ಗುತ್ತಿಗೆ ಇರಲಿ, ಕರಾರು ಬದಲಾಗಲಿ

ನಾನು ಸರ್ಕಾರಿ ಕಚೇರಿಯ ಲೆಕ್ಕಪತ್ರದಲ್ಲಿ ತಲೆ ಬೆಳ್ಳಗಾದವನು. ಹಾಗಾಗಿ ನನ್ನ ವಾದ ಒಂದು ಟೈರಿನಿಂದ ಶುರುವಾಗುತ್ತದೆ.

ನಾನು ಕೆಲಸ ಮಾಡುತ್ತಿದ್ದ ಊರಿನಲ್ಲಿ ಕಚೇರಿಯದೇ ಒಂದು ಕಸದ ಗಾಡಿಯ ಟೈರು ಸವೆದುಹೋಯಿತು. ಚಾಲಕ ಲಾಗ್‌ಬುಕ್ಕಿನಲ್ಲಿ ಬರೆದ. ಹೆಲ್ತ್ ಇನ್‌ಸ್ಪೆಕ್ಟರ್ ಸಹಿ ಹಾಕಿದರು. ಮೂರು ಕೊಟೇಶನ್ ಬೇಕೆಂದರು. ಮೂರರಲ್ಲಿ ಒಂದಕ್ಕೆ ಸೀಲು ಇಲ್ಲವೆಂದು ಕಡತ ವಾಪಸು ಬಂತು, ಆ ವಾಪಸು ಕಳಿಸಿದವನು ನಾನೇ. ಆಡಿಟ್‌ನಲ್ಲಿ ಸಿಕ್ಕಿಹಾಕಿಕೊಳ್ಳುವವನು ಗುಮಾಸ್ತನೇ ಹೊರತು ಬೀದಿಯ ಕಸವಲ್ಲವಲ್ಲ! ಗಾಡಿ ಹೊಂಗೆ ಮರದ ಕೆಳಗೆ ಹದಿನೆಂಟು ದಿನ ನಿಂತಿತು. ತೊಟ್ಟಿಯ ತುಂಬ ಎಲೆ. ಅದೇ ಗುತ್ತಿಗೆದಾರನ ಗಾಡಿಯಾಗಿದ್ದರೆ ರಾತ್ರಿಯೇ ಸಾಲದ ಮೇಲೆ ಟೈರು ತಂದು, ಬೆಳಗ್ಗೆ ಆರಕ್ಕೆ ಬೀದಿಯಲ್ಲಿರುತ್ತಿತ್ತು. ಗಾಡಿ ನಿಂತರೆ ಅವನ ಬಿಲ್ ನಿಲ್ಲುತ್ತದೆ.

ಕಸದ ಕೆಲಸಕ್ಕೆ ಏರಿಳಿತವೂ ಉಂಟು. ಆಯುಧಪೂಜೆಯ ಮಾರನೆಯ ದಿನ ಮಂಡಿಪೇಟೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ: ಒಡೆದ ಬೂದುಗುಂಬಳ, ಬಾಳೆಕಂದು, ಬಾಡಿದ ಸೇವಂತಿಗೆ. ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಟೊಮೆಟೊ ಬೆಲೆ ಬಿದ್ದ ವಾರ ನೋಡಿ. ಆ ನಾಲ್ಕು ದಿನಕ್ಕೆಂದು ಪಾಲಿಕೆ ಹತ್ತು ಗಾಡಿ ಕೊಂಡು ವರ್ಷವಿಡೀ ಶೆಡ್ಡಿನಲ್ಲಿ ಇಟ್ಟುಕೊಳ್ಳಲಾಗದು. ಗುತ್ತಿಗೆದಾರ ಬಾಡಿಗೆಗೆ ತರುತ್ತಾನೆ, ಹಬ್ಬ ಮುಗಿದ ಮೇಲೆ ಕಳಿಸುತ್ತಾನೆ.

ಗುತ್ತಿಗೆಯಲ್ಲಿ ಮೋಸವಿಲ್ಲ ಎನ್ನುತ್ತಿಲ್ಲ. ಆದರೆ ಮೋಸಕ್ಕೆ ಬಾಗಿಲು ತೆರೆದಿಡುವುದು ಕರಾರು ಬರೆದ ರೀತಿ. ಟನ್ನಿಗೆ ಇಷ್ಟೆಂದು ದುಡ್ಡು ಕೊಡುವ ಕಡೆ ಕಸದ ಜೊತೆ ಕಟ್ಟಡದ ಮಣ್ಣೂ ವೇ ಬ್ರಿಡ್ಜ್ ಹತ್ತುತ್ತದೆ. ಮಳೆಯಲ್ಲಿ ನೆನೆದ ಕಸಕ್ಕಂತೂ ಗಿರಾಕಿ ಜಾಸ್ತಿ. ಹಸಿ-ಒಣ ಬೇರೆ ಮಾಡಿದರೆ ತೂಕ ಇಳಿಯುತ್ತದೆ, ಅಂದರೆ ಒಳ್ಳೆಯ ಕೆಲಸ ಮಾಡಿದವನಿಗೆ ನಷ್ಟ. 2016ರ ಘನತ್ಯಾಜ್ಯ ನಿಯಮ ಹಸಿ, ಒಣ, ಮನೆಯ ಅಪಾಯಕಾರಿ ಕಸ ಎಂದು ಮೂರಾಗಿ ಬೇರ್ಪಡಿಸಿ ಎಂದಿತು. ನಮ್ಮ ಕರಾರುಗಳು ಬೆರೆಸು ಅಂದವು. ಟನ್ ಲೆಕ್ಕ ಬಿಟ್ಟು ಮನೆ ಲೆಕ್ಕಕ್ಕೆ ಬನ್ನಿ: ಎಷ್ಟು ಬಾಗಿಲಿಗೆ ಗಾಡಿ ಹೋಯಿತು, ಎಷ್ಟು ಕಸ ಬೇರ್ಪಟ್ಟು ಬಂತು, ಅಷ್ಟಕ್ಕೆ ಹಣ. ಕೂಲಿಯನ್ನು ಟೆಂಡರಿನ ಪೈಪೋಟಿಯಿಂದ ಹೊರಗಿಡಿ. ಕನಿಷ್ಠ ವೇತನ, ಪಿಎಫ್, ಇಎಸ್‌ಐ ನಿಗದಿಯಾಗಿರಲಿ. ಗುತ್ತಿಗೆದಾರರು ಸೇವಾ ಶುಲ್ಕಕ್ಕೆ ಮಾತ್ರ ದರ ನಮೂದಿಸಲಿ. ಆಗ ಕಡಿಮೆ ದರದವನು ಕೂಲಿಯವರ ಹೊಟ್ಟೆ ಕತ್ತರಿಸಿ ಗೆಲ್ಲಲಾರ.

ಒಂದು ಬೀದಿ ತಪ್ಪಿಸಿದ ಗುತ್ತಿಗೆದಾರನ ಬಿಲ್ಲಿನಲ್ಲಿ ಅದೇ ತಿಂಗಳು ದಂಡ ಕಡಿಯಬಹುದು. ಕಾಯಂ ನೌಕರ ತಪ್ಪಿಸಿದರೆ ನೋಟಿಸು, ವಿವರಣೆ, ವಿಚಾರಣೆ, ಆಮೇಲೆ ಯಾರದೋ ಫೋನು. ನೌಕರರಿಗೆ ಆ ರಕ್ಷಣೆ ಬೇಕು, ನಿಜ. ಆದರೆ ಅಷ್ಟರಲ್ಲಿ ಬೀದಿಯ ಮೂಲೆ ತಿಪ್ಪೆಯಾಗಿರುತ್ತದೆ.

ಸ್ವಚ್ಛತೆಯ ಮಾತು ಬಂದರೆ ಇಂದೋರ್ ನಗರಕ್ಕೆ ಎಲ್ಲರೂ ಕೈ ಮುಗಿಯುತ್ತಾರೆ. 2022ರ ಫೆಬ್ರವರಿಯಲ್ಲಿ ಅಲ್ಲಿ ಶುರುವಾದ, ದಿನಕ್ಕೆ 550 ಟನ್ ಹಸಿ ಕಸದಿಂದ ಅನಿಲ ಇಂಧನ ಮಾಡುವ ಬಯೋ-ಸಿಎನ್‌ಜಿ ಘಟಕಕ್ಕೆ ಬಂಡವಾಳ ಹಾಕಿದ್ದು ಖಾಸಗಿ ಕಂಪನಿ. ನಮ್ಮ ಅಜ್ಜಗೊಂಡನಹಳ್ಳಿಯ ಕಸ ಸಂಸ್ಕರಣಾ ಘಟಕಕ್ಕೂ ಹಾಗೆ ಹಣ ಹಾಕುವವರು ಬರಬೇಕೆಂದರೆ, ಗುತ್ತಿಗೆ ಎಂಬ ಮಾತು ಕೇಳಿದೊಡನೆ ಮೂಗು ಮುರಿಯುವುದನ್ನು ಬಿಡಬೇಕು.

ವಿರೋಧ: ಟೈರಿನ ಕಥೆ ನಿಜ, ಆದರೂ ಬೇಡ

ಹಿರಿಯರು ಹೇಳಿದ ಟೈರಿನ ಕಥೆ ಕೇಳಿ ನಕ್ಕೆ. ನಾನು ಮೇಷ್ಟ್ರ ಕೆಲಸದವಳು, ಶಾಲೆಯ ಬಲ್ಬು ಬದಲಾಯಿಸಲೂ ಇದೇ ಪಾಡು. ಆದರೆ ಒಂದು ಟೈರು ತರಲಾಗದ ಕಚೇರಿ, ಅವರು ಹೇಳುವ ಆ ಚೆಂದದ ಕರಾರನ್ನು ಕಾಯುತ್ತದೆಯೇ? ಮನೆ ಲೆಕ್ಕ ಇಡುವವರು ಯಾರು? ಗಾಡಿ ಬಾಗಿಲಿಗೆ ಬಂತೋ, ಬೀದಿಯ ತುದಿಯಲ್ಲೇ ಹಾಡು ಹಾಕಿಕೊಂಡು ಮುಂದೆ ಹೋಯಿತೋ, ನೋಡುವವರು ಯಾರು? ಹಾಜರಿ ಪಟ್ಟಿ ತಯಾರಿಸುವವನು ಗುತ್ತಿಗೆದಾರನ ಮೇಸ್ತ್ರಿ. ಅದಕ್ಕೆ ಸಹಿ ಹಾಕುವ ಇನ್‌ಸ್ಪೆಕ್ಟರಿಗೆ ಕಸದ ಜೊತೆ ಸೊಳ್ಳೆ, ಬೀದಿನಾಯಿ, ಹೋಟೆಲ್ ಪರವಾನಗಿ, ಸಚಿವರು ಬಂದಾಗಿನ ಸುಣ್ಣದ ಗೆರೆ. ಸ್ವಂತ ಕೆಲಸ ಮಾಡಿಸುವುದಕ್ಕಿಂತ ಇನ್ನೊಬ್ಬರ ಕೈಲಿ ಮಾಡಿಸಿ ಅಳೆಯುವುದಕ್ಕೇ ಹೆಚ್ಚು ಜನ, ಹೆಚ್ಚು ಬುದ್ಧಿ ಬೇಕು.

ಇಂದೋರ್ ವಿಷಯದಲ್ಲಿ ಅವರು ಅರ್ಧ ಮಾತ್ರ ಹೇಳಿದರು. ಘಟಕ ಖಾಸಗಿಯವರದು, ಸರಿ. ಆದರೆ ಮನೆ ಬಾಗಿಲಿಗೆ ಹೋಗುವ ಗಾಡಿಗಳು ಅಲ್ಲಿ ಪಾಲಿಕೆಯವೇ. ಯಂತ್ರಕ್ಕೆ ಬಂಡವಾಳ ಹಾಕುವುದು ಬೇರೆ, ದಿನ ಬೆಳಗಾದರೆ ಮನೆ ಮುಂದೆ ನಿಲ್ಲುವ ಮನುಷ್ಯ ಬೇರೆ.

ಆ ಮನುಷ್ಯನ ಬಗ್ಗೆಯೇ ಹೇಳುತ್ತೇನೆ. ನಮ್ಮ ಬೀದಿಗೆ ಬರುವ ಲೋಡರ್ ಹುಡುಗ ಏಳು ವರ್ಷದಿಂದ ಅವನೇ. ಗುತ್ತಿಗೆದಾರರು ಮಾತ್ರ ಮೂವರು ಆದರು. ಪ್ರತಿ ಸಲ ಅವನ ಜಾಕೆಟ್ಟಿನ ಬಣ್ಣ ಬದಲಾಯಿತು, ಸೇವೆ ಒಂದರಿಂದ ಶುರುವಾಯಿತು. ಗ್ರಾಚ್ಯುಟಿಗೆ ಸಾಮಾನ್ಯವಾಗಿ ಐದು ವರ್ಷದ ಸತತ ಸೇವೆ ಬೇಕು. ಎರಡೋ ಮೂರೋ ವರ್ಷದ ಟೆಂಡರಿನಲ್ಲಿ ಆ ಐದು ಯಾವತ್ತೂ ಬರುವುದೇ ಇಲ್ಲ. ಎರಡು ತಿಂಗಳು ಸಂಬಳ ನಿಂತಾಗ ಗುತ್ತಿಗೆದಾರ "ಬಿಲ್ ಪಾಸಾಗಿಲ್ಲ" ಅಂದ. ಕಚೇರಿಯಲ್ಲಿ "ನಾವು ಕೊಟ್ಟಾಯಿತು" ಅಂದರು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಕೊಡಬೇಕು ಎಂಬ ನಿಯಮ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಕಾಲದಿಂದಲೂ ಇದೆ. ಅಂದರೆ ಹೊಣೆ ಹೇಗೂ ಪಾಲಿಕೆಯದೇ. ನಡುವೆ ಒಬ್ಬನನ್ನು ಇಟ್ಟುಕೊಂಡದ್ದರಿಂದ ಹೊಣೆ ಹೋಗಲಿಲ್ಲ, ಕೇಳುವ ವಿಳಾಸ ಮಾತ್ರ ತಪ್ಪಿತು.

ಇನ್ನೊಂದು ಮಾತು ಹೇಳದೆ ಬಿಡಲಾರೆ, ಕೆಲವರಿಗೆ ಇದು ಇಲ್ಲಿ ಯಾಕೆ ಅನ್ನಿಸಬಹುದು. ಕಸ ಎತ್ತುವವರಲ್ಲಿ ಬಹುಪಾಲು ದಲಿತರು. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ ರಾಜ್ಯ ನಮ್ಮದು. ಸಫಾಯಿ ಕರ್ಮಚಾರಿಗಳ ಬದುಕಿನ ಬಗ್ಗೆ ಐ.ಪಿ.ಡಿ. ಸಾಲಪ್ಪ ಸಮಿತಿ 1976ರಲ್ಲೇ ವರದಿ ಕೊಟ್ಟಿತ್ತು. ಗುಮಾಸ್ತನ ಕುರ್ಚಿ ಕಾಯಂ ಆಗಿರುವ ಅದೇ ಕಟ್ಟಡದಲ್ಲಿ ಕಸದವರನ್ನು ಮಾತ್ರ ಟೆಂಡರಿನಲ್ಲಿ ತರುವುದು ಯಾಕೆ? ಸೆಪ್ಟೆಂಬರ್ 23ರ ಪೌರಕಾರ್ಮಿಕ ದಿನಾಚರಣೆಯಲ್ಲಿ ಶಾಲು ಹೊದಿಸುವವರನ್ನು ಒಮ್ಮೆ ಕೇಳಿ ನೋಡಿ.

ಬೇರ್ಪಡಿಸುವ ವಿಚಾರ. ಯಾವ ಮನೆಯವರು ಅನ್ನದ ಜೊತೆ ಬ್ಲೇಡು ಹಾಕುತ್ತಾರೆ, ಯಾರು ಡೈಪರನ್ನು ಪೇಪರಿನಲ್ಲಿ ಸುತ್ತಿ ಕೊಡುತ್ತಾರೆ, ಎಲ್ಲ ಆ ಹುಡುಗನಿಗೆ ಗೊತ್ತು. ನಮ್ಮ ಬೀದಿಯ ದೊಡ್ಡ ಮನೆಯ ಆಂಟಿಗೆ "ಬೇರೆ ಮಾಡದಿದ್ದರೆ ತಗೊಳ್ಳಲ್ಲ ಅಮ್ಮಾ" ಅನ್ನುವ ಧೈರ್ಯ ಅವನಿಗೆ ಬರಬೇಕಾದರೆ, ಆಂಟಿಯ ಒಂದು ಫೋನಿಗೆ ನಾಳೆ ಕೆಲಸ ಹೋಗಬಾರದು. ಹೋಗುತ್ತದೆ ಎಂದು ಇಬ್ಬರಿಗೂ ಗೊತ್ತಿರುವುದರಿಂದಲೇ ಎರಡೂ ಬಕೆಟ್ ಒಂದೇ ತೊಟ್ಟಿಗೆ ಬೀಳುತ್ತವೆ.

ಹಾಗೆಂದು ಎಲ್ಲವನ್ನೂ ಕಚೇರಿಯ ಕಡತಕ್ಕೆ ಕಟ್ಟಿಹಾಕಿ ಎನ್ನುವುದಿಲ್ಲ. ಹಬ್ಬಕ್ಕೆ ಹೆಚ್ಚು ಗಾಡಿ ಬೇಕೇ, ಬಾಡಿಗೆಗೆ ತನ್ನಿ. ರಿಪೇರಿಗೆ ಗ್ಯಾರೇಜಿನ ಜೊತೆ ವರ್ಷದ ದರ ಒಪ್ಪಂದ ಮಾಡಿಕೊಳ್ಳಿ, ಟೈರಿನ ಕಥೆ ಅಲ್ಲಿಗೆ ಮುಗಿಯಿತು. ಸುತ್ತಲಿನ ಗ್ರಾಮ ಪಂಚಾಯಿತಿಗಳಲ್ಲಿ ಸ್ವಚ್ಛವಾಹಿನಿ ಎಂಬ ಕಸದ ಗಾಡಿ ಓಡಿಸುವವರು ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಪುಣೆಯಲ್ಲಿ 2008ರಿಂದ ಚಿಂದಿ ಆಯುವವರದೇ ಸಹಕಾರ ಸಂಸ್ಥೆ ಮನೆಮನೆಯ ಕಸ ಎತ್ತುತ್ತಿದೆ. ದಾರಿಗಳಿವೆ. ಚಾಲಕ, ಲೋಡರ್‌ಗಳ ಸಂಬಳ ಮಾತ್ರ ನೇರವಾಗಿ ಅವರ ಖಾತೆಗೆ ಬೀಳಲಿ, ಗಾಡಿಯ ಬಾಡಿಗೆಯ ಜೊತೆ ಮನುಷ್ಯರನ್ನು ಸೇರಿಸಿ ಬಿಲ್ ಮಾಡುವುದು ನಿಲ್ಲಲಿ.

ಹೋದ ತಿಂಗಳು ಆ ಹುಡುಗ ನನ್ನ ಫೋನಿನಲ್ಲಿ ಪಿಎಫ್ ನೋಡಿಕೊಡಿ ಮೇಡಂ ಅಂದ. ತಂಗಿಯ ಮದುವೆ ಇತ್ತು. ಮೂವರು ಗುತ್ತಿಗೆದಾರರಿಗೆ ಮೂರು ಖಾತೆ. ಎರಡರಲ್ಲಿ ಒಂದಿಷ್ಟು ಹಣವಿತ್ತು. ಮೂರನೆಯದರಲ್ಲಿ ಅವನ ಅಪ್ಪನ ಹೆಸರೇ ತಪ್ಪು. ತಿದ್ದಿಸಲು ಹಳೆಯ ಗುತ್ತಿಗೆದಾರರ ಸಹಿ ಬೇಕಂತೆ. ಅವರ ಆಫೀಸಿದ್ದ ಜಾಗದಲ್ಲಿ ಈಗ ಮೊಬೈಲ್ ಕವರಿನ ಅಂಗಡಿ ಇದೆ.