ಹೊರಗಿನ ಹತ್ತಿಗೆ ಬಾಗಿಲು, ನಮ್ಮ ಅಕ್ಕಿಗೆ ಬೀಗ

2025ರ ಹಂಗಾಮಿನಲ್ಲಿ ಒಂದು ದಿನ ಒಂಬತ್ತು ಅಂಡಿಗೆ (ದೊಡ್ಡ ಚೀಲ) ಹತ್ತಿ ಹೇರಿಕೊಂಡು ರಾಯಚೂರಿನ ಗಂಜ್‌ಗೆ, ಅಂದರೆ ಕೃಷಿ ಮಾರುಕಟ್ಟೆಗೆ, ಹೋಗಿದ್ದೆ. ಬಿಡಿಸಿದ ಹೆಣ್ಣುಮಕ್ಕಳ ಕೂಲಿ ಬಾಕಿ ಇತ್ತು. ದೀಪಾವಳಿ ಆಗಿ ಎಷ್ಟು ದಿನವಾಯಿತು, ಇನ್ನೂ ಎಷ್ಟು ಸಲ "ನಾಳಿ ಬರ್ರವ್ವಾ" ಅಂತ ಕಳಿಸುವುದು? ಕ್ವಿಂಟಲ್‌ಗೆ 6,850ಕ್ಕೆ ಹೋಯಿತು. ಉದ್ದ ಎಳೆಯ ಹತ್ತಿಗೆ 2025-26ರ ಹಂಗಾಮಿಗೆ ಕೇಂದ್ರ ಸರ್ಕಾರವೇ ಘೋಷಿಸಿದ ಬೆಂಬಲ ಬೆಲೆ 8,110. ನಡುವಿನ 1,260 ರೂಪಾಯಿ ಎಲ್ಲಿ ಹೋಯಿತು ಅಂತ ಅಡತಿ ಅಂಗಡಿ ಕಟ್ಟೆ ಮೇಲೆ ಕೂತು ಚಹಾ ಕುಡಿಯುತ್ತ ಗೊಣಗಿದೆ. ಪಕ್ಕದಲ್ಲಿ ನಮ್ಮೂರ ಕಾಕಾ ಕೂತಿದ್ದರು. ಮನೆಯ ಪಡಸಾಲೆಯಲ್ಲಿ ದೇವರ ಫೋಟೋದ ಸಾಲಿನಲ್ಲೇ ಪ್ರಧಾನಿಯವರ ಫೋಟೋ ಇಟ್ಟುಕೊಂಡಿರುವವರು. ಅಮೆರಿಕ ನಮ್ಮ ಸರಕಿಗೆ ಸುಂಕ ಹೇರಿದ್ದಕ್ಕೇ ಹತ್ತಿ ರೇಟು ಬಿತ್ತು ಅನ್ನುವ ಮಾತೂ ಕಟ್ಟೆ ಮೇಲೆ ಬಂತು.

"ಏನಲೇ ತಮ್ಮಾ, ನಿನ್ನ ಒಂಬತ್ತು ಅಂಡಿಗಿ ಹತ್ತಿ ಸಲುವಾಗಿ ದೇಶ ಆ ಟ್ರಂಪಗ ತಲಿ ಬಾಗಸಬೇಕೇನು?"

ಕಟ್ಟೆ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಹಿರಿಯರ ಮುಂದೆ ಜಾಸ್ತಿ ಮಾತಾಡುವ ರೂಢಿ ನಮ್ಮ ಮನೆಯಲ್ಲಿಲ್ಲ. ಆದರೆ ಮಾನ್ವಿ ಬಸ್ಸು ಹತ್ತಿ ಕೂತ ಮೇಲೆ ಆ ಮಾತು ಬಿಡಲಿಲ್ಲ. ಕಾಕಾರ ಮುಂದೆ ಆಡದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಯಾವ ಕಡೆಯವನು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಹುಡುಕುವ ಕಷ್ಟ ಬೇಡ. 2014ರಲ್ಲಿ ಕಮಲಕ್ಕೆ ಒತ್ತಿದೆ. 2019ರಲ್ಲೂ ಒತ್ತಿದೆ, ಮನೆಯವರ ಕೈಯಲ್ಲೂ ಒತ್ತಿಸಿದೆ. 2024ರಲ್ಲಿ ಒತ್ತಲಿಲ್ಲ. ನಾನೊಬ್ಬನೇ ಅಲ್ಲ. ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಐದಕ್ಕೆ ಐದೂ ಕ್ಷೇತ್ರ ಆ ಪಕ್ಷದ ಕೈತಪ್ಪಿದವು. ಅದನ್ನು ಬರೀ ಗ್ಯಾರಂಟಿ ಅಂತ ತಳ್ಳಿಹಾಕುವವರು ಒಮ್ಮೆ ಎರೆ ಹೊಲಕ್ಕೆ ಬಂದು ಹೋಗಲಿ.

ಈಗ ಹತ್ತಿಯ ಲೆಕ್ಕ. ಹೊರದೇಶದ ಹತ್ತಿಯ ಮೇಲೆ 11 ಪರ್ಸೆಂಟ್ ಆಮದು ಸುಂಕ ಹಾಕಿದ್ದು ಇದೇ ಸರ್ಕಾರ, 2021ರ ಬಜೆಟ್‌ನಲ್ಲಿ. ಒಳ್ಳೆಯ ಕೆಲಸ, ಅದನ್ನು ನಾನು ಮರೆತಿಲ್ಲ. ಮರುವರ್ಷವೇ ಹತ್ತಿ ಹತ್ತು ಸಾವಿರ ದಾಟಿತು. ನಮ್ಮಪ್ಪನ ಕಾಲದಿಂದ ಕಾಣದ ರೇಟು. ಆಗ ಏನು ಮಾಡಿದರು? 2022ರ ಏಪ್ರಿಲ್ 14ರಿಂದ ಸುಂಕ ತೆಗೆದರು. ಬೆಲೆ ಏರಿದೆ, ಗಿರಣಿಗಳು ಕಷ್ಟದಲ್ಲಿವೆ ಅಂದರು. ಸರಿ, ಏರಿದಾಗ ಇಳಿಸುವುದು ಸರ್ಕಾರದ ಧರ್ಮ ಅಂದುಕೊಂಡು ಸುಮ್ಮನಾದೆವು. ಹಂಗಾದರೆ ಇಳಿದಾಗ ಏರಿಸುವುದು ಯಾರ ಧರ್ಮ? 2024-25ರ ಹಂಗಾಮಿನಲ್ಲಿ ಪೇಟೆ ಬೆಂಬಲ ಬೆಲೆಯ ಕೆಳಗೆ ಬಿದ್ದು, ಸಿಸಿಐ, ಅಂದರೆ ಸರ್ಕಾರದ ಭಾರತೀಯ ಹತ್ತಿ ನಿಗಮ, ದೇಶದ ತುಂಬ ಸುಮಾರು ನೂರು ಲಕ್ಷ ಬೇಲ್ ಕೊಳ್ಳಬೇಕಾಯಿತು. ಬೆಲೆ ನೆಲ ಕಂಡಿದೆ ಅನ್ನುವುದಕ್ಕೆ ಸರ್ಕಾರದ ಗೋದಾಮುಗಳೇ ಸಾಕ್ಷಿ. ಅಂಥ ಹೊತ್ತಿನಲ್ಲಿ, 2025ರ ಆಗಸ್ಟ್ 18ರಂದು ಮತ್ತೆ ಸುಂಕ ತೆಗೆದರು. ಮೊದಲು ಸೆಪ್ಟೆಂಬರ್ 30ರವರೆಗೆ ಅಂದರು. ಹತ್ತು ದಿನ ಕಳೆಯುವುದರೊಳಗೆ ಡಿಸೆಂಬರ್ 31ರವರೆಗೆ ಅಂತ ಎಳೆದರು.

ಈ ತಾರೀಖುಗಳನ್ನು ಹೊಲದಲ್ಲಿ ನಿಂತು ಓದಬೇಕು. ನಾವು ಬಿತ್ತುವುದು ಜೂನ್, ಜುಲೈನಲ್ಲಿ. ಬಿತ್ತುವಾಗ ಸುಂಕ ಇತ್ತು. ಅದನ್ನು ನಂಬಿಯೇ ಬೀಜ ತಂದೆವು, ಗೊಬ್ಬರ ಹಾಕಿದೆವು, ಹೊಲದ ಲಾವಣಿ (ಗುತ್ತಿಗೆ) ಕೊಟ್ಟೆವು. ಗಿಡ ಸೊಂಟದೆತ್ತರ ಬಂದು ಹೂ ಬಿಡುವ ಹೊತ್ತಿಗೆ ಸುಂಕ ಹೋಯಿತು. ನಮ್ಮ ಹತ್ತಿ ಪೇಟೆಗೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಹೊರಗಿನ ಹತ್ತಿಗೆ ಬಾಗಿಲು ತೆರೆದಿಟ್ಟಿದ್ದೂ ಸರಿಯಾಗಿ ಅಲ್ಲಿಯವರೆಗೇ. ಜನವರಿಯಲ್ಲಿ ಸುಂಕ ಮರಳಿ ಬಂದರೂ ಅಷ್ಟರಲ್ಲಿ ನಮ್ಮಂಥವರ ಮನೆ ಖಾಲಿಯಾಗಿರುತ್ತದೆ, ಹತ್ತಿ ವ್ಯಾಪಾರಸ್ಥರ ಗೋದಾಮಿನಲ್ಲಿರುತ್ತದೆ. ಸುಂಕ ತೆಗೆದ ಬೆನ್ನಿಗೇ ಸಿಸಿಐ ತನ್ನಲ್ಲಿದ್ದ ಹತ್ತಿಯ ಮಾರಾಟ ದರವನ್ನೂ ಇಳಿಸಿತು. ಸರ್ಕಾರದ ಸಂಸ್ಥೆಯೇ ಇಳಿಸಿದ ಮೇಲೆ ಗಂಜ್‌ನ ಖರೀದಿದಾರ ಯಾಕೆ ಏರಿಸುತ್ತಾನೆ?

ಇನ್ನೊಂದು ತಾರೀಖು ಬಿಟ್ಟೆ. ಆಗಸ್ಟ್ 7. ಅವತ್ತು ದೆಹಲಿಯಲ್ಲಿ ಕೃಷಿ ವಿಜ್ಞಾನಿ ಸ್ವಾಮಿನಾಥನ್ ಅವರ ಜನ್ಮಶತಮಾನೋತ್ಸವದ ಸಮ್ಮೇಳನ. ರೈತರ ಹಿತದ ವಿಷಯದಲ್ಲಿ ರಾಜಿಯೇ ಇಲ್ಲ, ಅದಕ್ಕಾಗಿ ವೈಯಕ್ತಿಕವಾಗಿ ದೊಡ್ಡ ಬೆಲೆ ತೆರಬೇಕಾದರೂ ಸಿದ್ಧ ಎಂದು ಪ್ರಧಾನಿ ಹೇಳಿದರು. ಮೊಬೈಲ್‌ನಲ್ಲಿ ನೋಡಿದೆ. ನಿಜ ಹೇಳಬೇಕೆಂದರೆ ಎದೆ ಸ್ವಲ್ಪ ಉಬ್ಬಿತು, ಹಳೇ ಅಭ್ಯಾಸ. ಹನ್ನೊಂದು ದಿನ ಕಳೆಯಿತು, ಹನ್ನೊಂದು ಪರ್ಸೆಂಟ್ ಹೋಯಿತು. ಬೆಲೆ ತೆತ್ತದ್ದು ಯಾರು ಅನ್ನುವುದು ನನ್ನ ಅಡತಿ ಚೀಟಿಯಲ್ಲಿದೆ.

ಸರ್ಕಾರದ ಕಡೆಯಿಂದಲೂ ಒಂದು ಮಾತಿದೆ, ಅದನ್ನು ಮುಚ್ಚಿಡುವುದಿಲ್ಲ. ಅಮೆರಿಕ ಆಗಸ್ಟ್ 7ರಿಂದ ನಮ್ಮ ಸರಕಿನ ಮೇಲೆ 25 ಪರ್ಸೆಂಟ್, 27ರಿಂದ ರಷ್ಯಾ ಎಣ್ಣೆಯ ಹೆಸರಲ್ಲಿ ಇನ್ನೂ 25, ಒಟ್ಟು 50 ಪರ್ಸೆಂಟ್ ಸುಂಕ ಹೇರಿತು. ತಿರುಪ್ಪೂರಿನ ಬಟ್ಟೆ ಕಾರ್ಖಾನೆಗಳು ಕಂಗಾಲಾದವು. ಅಲ್ಲಿ ಹೊಲಿಗೆ ಮಾಡುವವರಲ್ಲಿ ನಮ್ಮಂಥ ಊರುಗಳಿಂದ ಹೋದವರೂ ಇದ್ದಾರೆ, ಅವರ ಕೆಲಸ ಉಳಿಯಲಿ. ಆದರೆ ಅವರಿಗೆ ಕೈಹಿಡಿಯಬೇಕಾದದ್ದು ಖಜಾನೆ. ಬಡ್ಡಿ ಬಿಡಬಹುದಿತ್ತು, ನೇರ ನೆರವು ಕೊಡಬಹುದಿತ್ತು. ಅದರ ಬದಲು ಮಾನ್ವಿ, ದೇವದುರ್ಗದ ರೈತನ ಜೇಬಿಗೆ ಕೈ ಹಾಕಿ ತಿರುಪ್ಪೂರಿನ ಮಾಲೀಕನಿಗೆ ಕೊಟ್ಟರು. ಮೇಲಾಗಿ, ನಮ್ಮ ಬಟ್ಟೆಗೆ 50 ಪರ್ಸೆಂಟ್ ಬರೆ ಎಳೆದ ಅಮೆರಿಕದ ಹತ್ತಿಗೂ ಇದೇ ಬಾಗಿಲು ಸುಂಕವಿಲ್ಲದೆ ತೆರೆದಿತ್ತು! ಕಾಕಾ, ತಲೆ ಬಾಗಿಸಬೇಕೇನು ಅಂತ ಕೇಳಿದಿರಲ್ಲ, ಆಗಲೇ ಬಾಗಿಸಿಯಾಗಿದೆ. ಬಾಗಿದ ತಲೆ ನಮ್ಮದು, ಅಷ್ಟೇ.

ವಿದೇಶಾಂಗ ನೀತಿಯ ಬಗ್ಗೆ ಮಾತಾಡಲು ನೀನ್ಯಾರು ಅನ್ನಬಹುದು. 2019ರ ಸೆಪ್ಟೆಂಬರ್‌ನಲ್ಲಿ ಹ್ಯೂಸ್ಟನ್‌ನಲ್ಲಿ ಮೋದಿ, ಟ್ರಂಪ್ ಕೈ ಕೈ ಹಿಡಿದು ಕ್ರೀಡಾಂಗಣ ಸುತ್ತಿದ್ದನ್ನು ನಾವೂ ಟಿವಿಯಲ್ಲಿ ನೋಡಿದ್ದೇವೆ. 2020ರ ಫೆಬ್ರವರಿಯಲ್ಲಿ ಅಹಮದಾಬಾದಿನ ಮೊಟೇರಾದಲ್ಲಿ ಲಕ್ಷ ಜನ ಸೇರಿಸಿ ನಮಸ್ತೆ ಹೇಳಿದ್ದನ್ನೂ ನೋಡಿದ್ದೇವೆ. ನಮ್ಮ ಕಡೆ ಬೀಗರೊಂದಿಗೆ ಇಷ್ಟು ಅಪ್ಪುಗೆ ನಡೆದರೆ ಕಷ್ಟಕಾಲದಲ್ಲಿ ಒಂದು ಜೊತೆ ಎತ್ತಾದರೂ ಕಳಿಸುತ್ತಾರೆ. ಇವರು ಕಳಿಸಿದ್ದು ದಂಡದ ಚೀಟಿ. ರಷ್ಯಾದಿಂದ ಅಗ್ಗದ ಎಣ್ಣೆ ಕೊಂಡದ್ದು ತಪ್ಪು ಅಂತ ನಾನು ಹೇಳುವವನಲ್ಲ, ಯಾರಿಂದ ಕೊಳ್ಳಬೇಕು ಅಂತ ವಾಷಿಂಗ್ಟನ್ ಹೇಳುವುದೂ ಬೇಡ. ಆದರೆ ಅಗ್ಗದ ಎಣ್ಣೆಯ ಲಾಭ ನನ್ನ ಟ್ರ್ಯಾಕ್ಟರಿನ ಟ್ಯಾಂಕಿಗೆ ಯಾವತ್ತು ಇಳಿಯಿತು? ಕಚ್ಚಾ ತೈಲ ಇಳಿದಾಗ, 2025ರ ಏಪ್ರಿಲ್‌ನಲ್ಲಿ, ಅಬಕಾರಿ ಸುಂಕ ಎರಡು ರೂಪಾಯಿ ಏರಿಸಿ ಆ ಇಳಿಕೆಯನ್ನೂ ನುಂಗಿದರು. ಲಾಭ ರಿಫೈನರಿಗೆ ಮತ್ತು ಖಜಾನೆಗೆ, ದಂಡ ಬಟ್ಟೆಯವನಿಗೆ, ಬಟ್ಟೆಯವನ ದಂಡ ಹತ್ತಿಯವನಿಗೆ. ಹತ್ತಿಯವನ ಕೆಳಗೆ ಯಾರೂ ಇಲ್ಲ. ತಪ್ಪು, ಇದ್ದಾರೆ. ಕೆಜಿಗೆ 12 ರೂಪಾಯಿಗೆ ಹತ್ತಿ ಬಿಡಿಸುವ ಹೆಣ್ಣುಮಕ್ಕಳು.

ಇದು ಹತ್ತಿಯೊಂದರ ಕಥೆ ಆಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ನಮ್ಮ ಅಕ್ಕನನ್ನು ಸಿಂಧನೂರು ಕಡೆ ಕೊಟ್ಟಿದ್ದೇವೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಸೋನಾ ಮಸೂರಿ ಬೆಳೆಯುತ್ತಾರೆ. 2023ರಲ್ಲಿ ಬರ. ಕಾಲುವೆಗೆ ನೀರು ಸಾಲದೆ ಎರಡನೇ ಬೆಳೆ ಇಲ್ಲವೇ ಇಲ್ಲ. ಬೆಳೆ ಅರ್ಧವಾದ ವರ್ಷ ರೈತನನ್ನು ಉಳಿಸುವುದು ರೇಟೊಂದೇ. ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನೇ ನಿಷೇಧಿಸಿದರು. ಅಮೆರಿಕದಲ್ಲಿ ನಮ್ಮ ತೆಲುಗು, ಕನ್ನಡ ಮಂದಿ ಸೋನಾ ಮಸೂರಿ ಚೀಲಕ್ಕೆ ಅಂಗಡಿ ಮುಂದೆ ಮುಗಿಬಿದ್ದ ವಿಡಿಯೋ ನೋಡಿ ನಮ್ಮ ಮಾವ, ಅಂದರೆ ಅಕ್ಕನ ಗಂಡ, "ಅಲ್ಲಿ ಬಡದಾಡಿ ತಗೋಳಾಕತ್ಯಾರ, ಇಲ್ಲಿ ನನಗ ಮಾರಾಕ ಬಿಡವಲ್ರು" ಅಂದ. ಭತ್ತಕ್ಕೆ ಆ ವರ್ಷ ರೇಟು ಬರಲೇ ಇಲ್ಲ ಅಂತ ನಾನು ಹೇಳುತ್ತಿಲ್ಲ, ಬಂತು. ಎಷ್ಟು ಬರಬೇಕಿತ್ತೋ ಅಷ್ಟು ಬರಲು ಬಿಡಲಿಲ್ಲ. ಜಗತ್ತಿನ ಅಕ್ಕಿ ವ್ಯಾಪಾರದಲ್ಲಿ ಸುಮಾರು 40 ಪರ್ಸೆಂಟ್ ನಮ್ಮದು. ನಾವು ಬಾಗಿಲು ಹಾಕಿದೆವು, ಹೊರಗೆ ಬೆಲೆ ಹದಿನೈದು ವರ್ಷದಲ್ಲಿ ಕಾಣದಷ್ಟು ಏರಿತು, ಆ ಫಸಲು ಕೊಯ್ದವರು ವಿಯೆಟ್ನಾಂ, ಥಾಯ್ಲೆಂಡಿನವರು.

ನಿಷೇಧ ಅಂದರೆ ಪೂರಾ ನಿಷೇಧವೂ ಅಲ್ಲ. ಸಿಂಗಪುರ ಕೇಳಿತು, ಕೊಟ್ಟರು. ಭೂತಾನ್, ಮಾರಿಷಸ್, ನೇಪಾಳ, ಮಲೇಷ್ಯಾ, ಫಿಲಿಪೀನ್ಸ್‌ಗೂ ಕೊಟ್ಟರು. ನೆರೆಹೊರೆಯವರಿಗೆ ಹಸಿದಾಗ ಅಕ್ಕಿ ಕೊಡುವುದಕ್ಕೆ ನನ್ನ ತಕರಾರಿಲ್ಲ, ನಮ್ಮವ್ವನೂ ಕೊಟ್ಟವಳೇ. ಆದರೆ ಅದಕ್ಕೆ ಒಂದು ತಿಂಗಳ ಹಿಂದೆ, ಅದೇ 2023ರ ಜೂನ್‌ನಲ್ಲಿ, ಕರ್ನಾಟಕ ದುಡ್ಡು ಕೊಟ್ಟು ಕೊಳ್ಳುತ್ತೇನೆ ಅಂದಾಗ ಏನಾಯಿತು? ಭಾರತ ಆಹಾರ ನಿಗಮ ಮೊದಲು ಒಪ್ಪಿತು, ಮರುದಿನವೇ ರಾಜ್ಯಗಳಿಗೆ ಮಾರಾಟ ಬಂದ್ ಅಂತ ಆದೇಶ ಬಂತು. ಪುಕ್ಕಟೆ ಕೇಳಿರಲಿಲ್ಲ, ಕೆಜಿಗೆ 34 ರೂಪಾಯಿಗೆ. ಕಡೆಗೆ ಅನ್ನಭಾಗ್ಯದ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಹಾಕಬೇಕಾಯಿತು. ಗೋದಾಮು ತುಂಬಿದ ಮೇಲೆ, 2025ರಲ್ಲಿ, ಅದೇ ಅಕ್ಕಿಯನ್ನು 22 ರೂಪಾಯಿ 50 ಪೈಸೆಗೆ ಕೊಡಲು ಮುಂದೆ ಬಂದರು. ಎರಡು ವರ್ಷದ ಹಿಂದೆ ಇಲ್ಲದ ಪ್ರೀತಿ.

ತೊಗರಿ ಬಗ್ಗೆ ಹೆಚ್ಚು ಹೇಳುವುದಿಲ್ಲ, ಕಲಬುರಗಿಯವರು ನನಗಿಂತ ಚೆನ್ನಾಗಿ ಹೇಳುತ್ತಾರೆ. ಮೊಜಾಂಬಿಕ್‌ನೊಂದಿಗೆ 2016ರಲ್ಲೇ ವರ್ಷಕ್ಕೆ ಎರಡು ಲಕ್ಷ ಟನ್‌ವರೆಗಿನ ಒಪ್ಪಂದ, ಮೇಲೆ ಸುಂಕವಿಲ್ಲದ ಆಮದು, ಅದರ ಅವಧಿ ಪ್ರತಿ ಸಲ ವಿಸ್ತರಣೆ. ಲಿಂಗಸುಗೂರಿನ ತೊಗರಿಯವನಿಗೆ ಅಂಥ ಒಪ್ಪಂದ ಯಾರ ಜೊತೆಗೂ ಇಲ್ಲ.

ಗೊಬ್ಬರ ಹೇಳಲೇಬೇಕು. 2025ರ ಮುಂಗಾರಿನಲ್ಲಿ ಯೂರಿಯಾಕ್ಕೆ ಬೆಳಗಿನ ಜಾವ ಚಪ್ಪಲಿ ಸಾಲು ಹಚ್ಚಿ ನಿಂತವರಲ್ಲಿ ನಾನೂ ಒಬ್ಬ. ಕೊಪ್ಪಳದಲ್ಲಿ ರೈತರೊಬ್ಬರು ಗೊಬ್ಬರ ಸಿಗದೆ ಮಣ್ಣು ತಿಂದ ವಿಡಿಯೋ ನೋಡಿ ಎರಡು ದಿನ ಊಟ ಸೇರಲಿಲ್ಲ. ಕೇಂದ್ರ ಕಳಿಸಲಿಲ್ಲ ಅಂತ ರಾಜ್ಯ, ಕಳಿಸಿದ್ದನ್ನು ಸರಿಯಾಗಿ ಹಂಚಲಿಲ್ಲ ಅಂತ ಕೇಂದ್ರ. ಇಬ್ಬರ ಜಗಳದ ಹಿಂದೆ ಒಂದು ಸತ್ಯ ಇತ್ತು. ಚೀನಾ ಗೊಬ್ಬರದ ರಫ್ತಿಗೆ ಕಡಿವಾಣ ಹಾಕಿತ್ತು. ಗಲ್ವಾನ್‌ನಲ್ಲಿ 2020ರಲ್ಲಿ 20 ಯೋಧರು ಹೋದ ಮೇಲೆ ಆ್ಯಪ್ ನಿಷೇಧಿಸಿ ಪಟಾಕಿ ಹೊಡೆದೆವು. ಐದು ವರ್ಷ ಕಳೆದರೂ ಬೆಳೆಗೆ ಹಾಕುವ ಗೊಬ್ಬರಕ್ಕೆ ಅವರ ಬಾಗಿಲು ನೋಡುವುದು ತಪ್ಪಲಿಲ್ಲ. ಶತ್ರು ಅನ್ನುವವರ ಮೇಲೆ ಇಷ್ಟು ಅವಲಂಬನೆ ಇಟ್ಟುಕೊಂಡು ಕಣ್ಣು ಕೆಂಪು ಮಾಡುವುದು ಬರೀ ಭಾಷಣಕ್ಕೆ.

ಹಂಗಂತ ಬೆಂಗಳೂರಿನಲ್ಲಿರುವವರು ಸಾಚಾ ಅಂತಲ್ಲ. ನಾನು ಮತ ಹಾಕಿದವರೇ 2025ರ ಏಪ್ರಿಲ್‌ನಲ್ಲಿ ಡೀಸೆಲ್‌ಗೆ ಎರಡು ರೂಪಾಯಿ ಏರಿಸಿದರು. ತುಂಗಭದ್ರಾ ಡ್ಯಾಮಿನ 19ನೇ ಗೇಟು 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಕೊಂಡು ಹೋದಾಗ ನಿವೃತ್ತ ಇಂಜಿನಿಯರ್ ಕನ್ನಯ್ಯ ನಾಯ್ಡು ಅವರು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ತಾತ್ಕಾಲಿಕ ಗೇಟು) ಇಳಿಸಿ ಮರ್ಯಾದೆ ಉಳಿಸಿದರು. ಉಳಿದ ಗೇಟುಗಳನ್ನು ಬದಲಿಸುವ ಕೆಲಸ ವರ್ಷ ಎಳೆದು, ಅದರ ಸಲುವಾಗಿ 2025-26ರಲ್ಲಿ ಅಕ್ಕನ ಮನೆಗೆ ಎರಡನೇ ಬೆಳೆಗೆ ನೀರಿಲ್ಲದಂತಾಯಿತು. ಹೂಳಿನ ಮಾತು ನಾನು ಶಾಲೆಗೆ ಹೋಗುವಾಗಿನಿಂದ ಕೇಳುತ್ತಿದ್ದೇನೆ. ಇದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಬೈಗುಳ ಸಾಕಷ್ಟು ಉಳಿಸಿಕೊಂಡಿದ್ದೇನೆ.

ಆದರೆ ದೆಹಲಿಗೆ ರಾಯಚೂರು ಎಷ್ಟು ದೂರ ಅಂತ ತಿಳಿಯಲು ಏಮ್ಸ್ ಆಸ್ಪತ್ರೆಯ ಬೇಡಿಕೆ ಒಂದೇ ಸಾಕು. 2022ರ ಮೇ 13ರಿಂದ ಜನ ಧರಣಿ ಕೂತಿದ್ದಾರೆ, ಸಾವಿರ ದಿನ ದಾಟಿ ಎಷ್ಟೋ ಆಯಿತು. ಐಐಟಿ ಕೇಳಿದೆವು, ಧಾರವಾಡಕ್ಕೆ ಹೋಯಿತು. ದೇಶದ 112 ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿಯಲ್ಲಿ ನಮ್ಮ ಹೆಸರಿದೆ, ಅಂದರೆ ಹಿಂದುಳಿದಿದ್ದೀರಿ ಅಂತ ಅವರೇ ಒಪ್ಪಿಕೊಂಡಿದ್ದಾರೆ. ಹಟ್ಟಿಯ ಚಿನ್ನ ಬೇಕು, ಶಕ್ತಿನಗರದ ಕರೆಂಟು ಬೇಕು, ಆಸ್ಪತ್ರೆ ಮಾತ್ರ ಪರಿಶೀಲನೆಯಲ್ಲಿದೆ.

ಬಸ್ಸಿನಲ್ಲಿ ಇಷ್ಟೆಲ್ಲ ಜೋಡಿಸಿಕೊಂಡು ಬಂದೆ. ಕಾಕಾರ ಮನೆಗೇ ಹೋಗಿ ಹೇಳಿಬಿಡೋಣ ಅನಿಸಿತ್ತು. ನಾನು ಹೋಗುವ ಮೊದಲೇ ರಾತ್ರಿ ಊಟದ ಹೊತ್ತಿಗೆ ಅವರೇ ಬಂದರು, ಟಾರ್ಚು ಹಿಡಿದು, ಪಹಣಿ ಮಡಚಿ ಜೇಬಿನಲ್ಲಿಟ್ಟುಕೊಂಡು. ಗಂಜ್‌ನಲ್ಲಿ ಅವತ್ತು ಅವರು ಹತ್ತಿ ಮಾರಲಿಲ್ಲ, ಬರೀ ರೇಟು ಕೇಳಲು ಬಂದಿದ್ದರಂತೆ. ಸೆಪ್ಟೆಂಬರ್ ಮಳೆಗೆ ನೆನೆದು ಕಪ್ಪಾದ ಮೊದಲ ಬಿಡಿಕೆ ಬಿಟ್ಟು ಇಪ್ಪತ್ತು ಕ್ವಿಂಟಲ್ ಮನೆಯಲ್ಲೇ ಇದೆ, ಪಡಸಾಲೆಯಲ್ಲಿ, ಫೋಟೋಗಳ ಕೆಳಗೆ.

"ಸಿಸಿಐಗೆ ಹಾಕಬೇಕಲೇ ತಮ್ಮಾ. ಮೊಬೈಲ್‌ನಾಗ ದಿನಾ ಗೊತ್ತು ಮಾಡಬೇಕಂತ. ಮೊಮ್ಮಗಗ ತಿಳೀವಲ್ದು, ನೀನರ ಮಾಡಿ ಕೊಡು."

ಆಧಾರ್ ನಂಬರ್ ಹಾಕಿದೆ, ಅವರ ಮೊಬೈಲ್‌ಗೆ ಬಂದ ಒಟಿಪಿ ಓದಿಸಿಕೊಂಡೆ, ಪಹಣಿಯ ಫೋಟೋ ಹೊಡೆದು ಹಾಕಿದೆ. ತೇವಾಂಶ 12 ಪರ್ಸೆಂಟ್ ದಾಟಿದರೆ ತಗೊಳ್ಳುವುದಿಲ್ಲ, ಬಿಸಿಲಿಗೆ ಹರವಿರಿ ಅಂತ ಹೇಳಿದೆ. ಸಿಕ್ಕ ತಾರೀಖಿಗೆ ಇನ್ನೂ ದಿನಗಳಿದ್ದವು. ಕಾಕಾ ಅದನ್ನು ಬೆರಳಲ್ಲಿ ಎಣಿಸಿ, "ಅಲ್ಲೀತನಕ ಕೂಲಿಯವರಿಗೆ ಏನ್ ಹೇಳ್ಲಿ?" ಅಂದರು. ನಾನು ಹೇಳುವುದನ್ನೇ ಹೇಳಿರಿ ಅಂದೆ.